ಹಳೆಯ ಆಟಕ್ಕೆ ಹೊಸ ಹುಟ್ಟು: ಕೊಳ್ಳುವುದೋ, ಬಿಡುವುದೋ?

ಹಬ್ಬಕ್ಕೆ ಸೀರೆ ಕೊಳ್ಳುವಾಗ ಅಂಗಡಿಯವನ ಕೈಲಿ ನಲವತ್ತು ಸೀರೆ ಬಿಚ್ಚಿಸುತ್ತೇವೆ. ಅಂಚು ನೋಡುತ್ತೇವೆ, ಸೆರಗು ನೋಡುತ್ತೇವೆ, ಒಗೆದರೆ ಬಣ್ಣ ಬಿಡುವುದೇ ಎಂದು ಕೇಳುತ್ತೇವೆ. ಕುಕ್ಕರಿಗೆ ಗ್ಯಾಸ್ಕೆಟ್ ನಮ್ಮೂರಲ್ಲೇ ಸಿಗುತ್ತದೆಯೇ ಎಂದು ವಿಚಾರಿಸದೆ ದುಡ್ಡು ಬಿಚ್ಚುವವರು ನಮ್ಮಲ್ಲಿ ಯಾರಿದ್ದಾರೆ ಹೇಳಿ! ಆದರೆ ಮಕ್ಕಳು "ಅಮ್ಮಾ, ಒಂದು ವೀಡಿಯೋ ಗೇಮ್ ಬೇಕು" ಎಂದರೆ ಮಾತ್ರ ನಮ್ಮ ಬಾಯಿಂದ ಬರುವುದು ಎರಡೇ ಉತ್ತರ. ಒಂದು, "ಬೇಡ". ಇನ್ನೊಂದು, ಪೀಡೆ ತೊಲಗಿದರೆ ಸಾಕೆಂದು, "ನಿಮ್ಮಪ್ಪನ್ನ ಕೇಳು ಹೋಗು". ಆಟ ಯಾವುದು, ಅದರೊಳಗೇನಿದೆ, ಆ ಬೆಲೆಗೆ ತಕ್ಕುದೇ ಎಂದು ಬಿಚ್ಚಿಸಿ ನೋಡುವ ಗೋಜಿಗೇ ಹೋಗುವುದಿಲ್ಲ.

ವಿಜಯನಗರದ ನನ್ನ ನಾದಿನಿಯ ಮನೆಯಲ್ಲಿ ಈಚೆಗೆ ಇದೇ ವಿಷಯಕ್ಕೆ ವಾರಗಟ್ಟಲೆ ವಾದ ನಡೆಯಿತು. ಬೇಕು ಎಂದವಳು ಮಗಳು. ಹತ್ತೊಂಬತ್ತು ವರ್ಷ, ಬಿ.ಕಾಂ. ಎರಡನೆಯ ವರ್ಷ. ಸಂಜೆ ಹೊತ್ತು ಅದೇ ರಸ್ತೆಯ ಇಬ್ಬರು ಮಕ್ಕಳಿಗೆ ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸುತ್ತಾಳೆ. ಅವಳು ಕೇಳಿದ್ದು 'ಟೂಂಬ್ ರೈಡರ್' ಎನ್ನುವ ಆಟ, 2013ರಲ್ಲಿ ಬಂದದ್ದು. ಬೇಡ ಎಂದವರು ಉಳಿದವರೆಲ್ಲರೂ. ನನ್ನನ್ನು ಪಂಚಾಯಿತಿಗೆ ಕರೆದರು. ಬಸವೇಶ್ವರನಗರಕ್ಕೂ ವಿಜಯನಗರಕ್ಕೂ ಏನು ಮಹಾ ದೂರ? ಹೋದೆ.

"ನೋಡಿ ಅತ್ತಿಗೆ, ಗೋರಿ ಲೂಟಿ ಮಾಡೋ ಆಟವಂತೆ! ಹುಡುಗಾದರೆ ಹಾಳಾಗಲಿ ಅನ್ನಬಹುದು. ಹೆಣ್ಣು ಹುಡುಗಿಗೆ ಇದೆಂಥಾ ಆಟ?" ಎಂದಳು ನಾದಿನಿ.

ಮಗಳು ಸುಮ್ಮನಿರಲಿಲ್ಲ. "ಅಣ್ಣ ಮೂರು ಗೇಮ್ ತಗೊಂಡಾಗ ಯಾರಾದ್ರೂ ಏನು ಗೇಮು ಅಂತ ಕೇಳಿದ್ರಾ ಅತ್ತೆ? ನಾನು ಕೇಳಿದ್ರೆ ಮಾತ್ರ ಮೀಟಿಂಗು! ಅದೂ ದುಡ್ಡು ನಂದೇ."

ಈ ಮಾತಿಗೆ ಮನೆಯಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಅಣ್ಣನ ಇಂಜಿನಿಯರಿಂಗ್ ಓದಿಗೆಂದು ಕೊಂಡ ಲ್ಯಾಪ್‌ಟಾಪಿನಲ್ಲಿ ಅವನು ಓದಿದ್ದೆಷ್ಟು, ಗುಂಡು ಹಾರಿಸಿದ್ದೆಷ್ಟು ಎಂಬುದು ಆ ಮನೆಯ ಬೆಕ್ಕಿಗೂ ಗೊತ್ತು. ಹಾಗಾಗಿ ಹೆಣ್ಣು ಗಂಡಿನ ಮಾತನ್ನು ಅಲ್ಲಿಗೇ ಬಿಡಿ, ವಸ್ತು ಹೇಗಿದೆ ನೋಡೋಣ ಎಂದೆ.

ಇದು ಹಳೆಯ ಆಟದ ಹೊಸ ಹುಟ್ಟು. ಇದಕ್ಕೆ 'ರೀಬೂಟ್' ಎನ್ನುತ್ತಾರೆ. ಕಂಪ್ಯೂಟರ್ ಕೈಕೊಟ್ಟಾಗ ಆರಿಸಿ ಮತ್ತೆ ಹಚ್ಚುತ್ತೇವಲ್ಲ, ಅದೇ ಪದ. ಹಿಂದಿನ ಕಥೆಯೆಲ್ಲ ನಡೆದೇ ಇಲ್ಲವೆಂಬಂತೆ ನಾಯಕಿಯನ್ನು ಮತ್ತೆ ಎಳೆಯವಳನ್ನಾಗಿ ಮಾಡಿ ಮೊದಲಿನಿಂದ ಶುರು ಮಾಡುವುದು. ನಮಗೇನು ಇದು ಹೊಸತಲ್ಲ. 'ಸದಾರಮೆ' ನಾಟಕವನ್ನು ಒಂದೊಂದು ಕಂಪೆನಿಯವರು ಒಂದೊಂದು ಬಗೆಯಾಗಿ ಆಡಲಿಲ್ಲವೇ? ಗಂಡುವೇಷ ಹಾಕಿ ಕಷ್ಟಗಳಿಂದ ಪಾರಾಗುವ ಆ ಹೆಣ್ಣನ್ನು ನಮ್ಮ ಅಜ್ಜಿಯರು ಟಿಕೇಟು ಕೊಟ್ಟೇ ನೋಡಿದವರು. ಕಥೆ ಗೊತ್ತಿದ್ದರೂ ಈ ಕಂಪೆನಿಯವರು ಹೇಗೆ ಮಾಡಿದ್ದಾರೆ ಎಂದೇ ಜನ ಹೋಗುತ್ತಿದ್ದರು. ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ.

ಮೊದಲ 'ಟೂಂಬ್ ರೈಡರ್' ಬಂದದ್ದು 1996ರಲ್ಲಿ, ಇಂಗ್ಲೆಂಡಿನ ಕೋರ್ ಡಿಸೈನ್ ಎಂಬ ಕಂಪೆನಿಯಿಂದ. ಆಗ ನಮ್ಮ ಕಡೆ ಮಕ್ಕಳು ಟಿ.ವಿ.ಗೆ ಸಿಕ್ಕಿಸುವ 'ಕ್ಯಾಸೆಟ್' ಹಾಕಿಕೊಂಡು ಮಾರಿಯೋ ಆಡುತ್ತಿದ್ದ ಕಾಲ. ನಾಯಕಿ ಲಾರಾ ಕ್ರಾಫ್ಟ್ ಹಳೆಯ ಗುಡಿ, ಗೋರಿ, ಗುಹೆಗಳಲ್ಲಿ ನಿಧಿ ಹುಡುಕುವವಳು. ಎರಡೂ ಕೈಯಲ್ಲಿ ಪಿಸ್ತೂಲು, ತುಂಡು ಚಡ್ಡಿ, ಮೈಕಟ್ಟೋ ದೇವರು ಮಾಡಿದ್ದಲ್ಲ, ಗಂಡಸರು ಕೂತು ಬರೆದದ್ದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. 1998ರ ಮೂರನೆಯ ಕಂತಿನಲ್ಲಿ ಆಕೆ ಮೊದಲು ಬಂದಿಳಿಯುವುದೇ ನಮ್ಮ ಭಾರತದ ಕಾಡಿಗೆ. 2001ರಲ್ಲಿ ಏಂಜಲೀನಾ ಜೋಲಿ ನಟಿಸಿದ ಸಿನಿಮಾ ಕೂಡ ಬಂತು. ನಾದಿನಿಯ ಮನಸ್ಸಿನಲ್ಲಿದ್ದದ್ದು ಆ ಸಿನಿಮಾದ ಪೋಸ್ಟರಿನ ಲಾರಾ.

2013ರಲ್ಲಿ ಹೊಸ ಹುಟ್ಟು ಕೊಟ್ಟವರು ಅಮೆರಿಕದ ಕ್ರಿಸ್ಟಲ್ ಡೈನಮಿಕ್ಸ್ ಕಂಪೆನಿಯವರು. ಕಥೆ ಬರೆದವರಲ್ಲಿ ಮುಖ್ಯಳು ಹೆಂಗಸು, ರಿಯಾನಾ ಪ್ರ್ಯಾಚೆಟ್. ಲಾರಾಗೆ ಈಗ 21 ವರ್ಷ. ಆಗಷ್ಟೇ ಓದು ಮುಗಿಸಿದ ಹುಡುಗಿ, ಹಡಗೊಡೆದು ಜಪಾನಿನ ಬಳಿಯ ಯಮತಾಯ್ ಎಂಬ ದ್ವೀಪಕ್ಕೆ ಬಂದು ಬೀಳುತ್ತಾಳೆ. ಮೈಮೇಲೆ ಪ್ಯಾಂಟು, ಬನಿಯನ್ನು, ಕೆಸರು, ಗಾಯ. ಕೈಗೆ ಸಿಗುವ ಮೊದಲ ಆಯುಧ ಒಂದು ಬಿಲ್ಲು. ಗೆಳತಿಯನ್ನು ದುಷ್ಟರು ಹಿಡಿದೊಯ್ದಿದ್ದಾರೆ, ಅವಳನ್ನು ಬಿಡಿಸಿಕೊಂಡು ಬರಬೇಕು.

ಕೇಳಿ ತಿಳಿದದ್ದು ಸಾಲದೆಂದು, ಹುಡುಗಿಯ ಸ್ನೇಹಿತೆಯ ಮನೆ ಕೆಂಗೇರಿಯಲ್ಲಿದೆ, ಅಲ್ಲಿ ಆಟ ಇದೆಯೆಂದು, ಒಂದು ಭಾನುವಾರ ಮೂವರೂ ಮೆಟ್ರೋ ಹತ್ತಿದೆವು. (2021ರಲ್ಲಿ ಕೆಂಗೇರಿಗೆ ಮೆಟ್ರೋ ಆದಮೇಲೆ ಮೈಸೂರು ರಸ್ತೆಯ ಧೂಳು ಕುಡಿಯುವುದು ತಪ್ಪಿದೆ ನೋಡಿ.) ಮೂರು ಗಂಟೆ ಕಾಲ ಕದಲದೆ ಕೂತು ನೋಡಿದೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಬಂಡೆ ಹತ್ತುವುದು, ಹಗ್ಗ ಕಟ್ಟಿ ಕಣಿವೆ ದಾಟುವುದು, ಮುರಿದ ವಿಮಾನದ ರೆಕ್ಕೆಯ ಮೇಲೆ ಉಸಿರು ಬಿಗಿಹಿಡಿದು ನಡೆಯುವುದು, ಇವನ್ನೆಲ್ಲ ನೋಡುತ್ತಿದ್ದರೆ ನನ್ನ ಅಂಗೈಯೇ ಬೆವರಿತು. ಸಿಕ್ಕಿದ ತಗಡು, ಮೊಳೆ, ಚೂರುಪಾರುಗಳನ್ನೆಲ್ಲ ಕೂಡಿಟ್ಟು, ರಾತ್ರಿ ಬೆಂಕಿಯ ಮುಂದೆ ಕೂತು ಬಿಲ್ಲನ್ನೂ ಕೊಡಲಿಯನ್ನೂ ಸರಿಮಾಡಿಕೊಳ್ಳುತ್ತಾಳೆ. ಇದು ನಮ್ಮ ಜಾತಿಯ ಹುಡುಗಿ, ಸಂಸಾರ ಮಾಡಬಲ್ಲಳು ಎಂದುಕೊಂಡೆ. ಮಾರ್ಗದ ಪಕ್ಕದಲ್ಲಿ ಗುಟ್ಟಿನ ಗೋರಿಗಳಿವೆ. ಒಳಗೆ ನೀರು ಏರಿಸಿ, ಬುಟ್ಟಿ ತೂಗಿಸಿ, ಗಾಳಿ ಬೀಸುವ ಹೊತ್ತು ನೋಡಿ ದಾರಿ ಮಾಡಿಕೊಳ್ಳಬೇಕು. ಬುದ್ಧಿಗೆ ಕೆಲಸ ಕೊಡುವ ಭಾಗವೆಂದರೆ ಅದೇ. ಆದರೆ ಹೆಸರೇ ಗೋರಿಯ ಆಟವಾದರೂ ಆ ಗೋರಿಗಳು ಕೆಲವೇ ಕೆಲವು, ಒಂದೊಂದೂ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತವೆ. ಪಾಯಸದಲ್ಲಿ ಗೋಡಂಬಿ ಹುಡುಕಿದ ಹಾಗೆ.

ಇನ್ನು ಕೆಟ್ಟದ್ದು. ರಕ್ತ ವಿಪರೀತ. ಆಡುವವರು ಗುಂಡಿ ಒತ್ತುವುದು ಒಂದು ಕ್ಷಣ ತಪ್ಪಿದರೆ ಲಾರಾ ಸಾಯುವ ಬಗೆಯನ್ನು ಹತ್ತಿರದಿಂದ ತೋರಿಸುತ್ತಾರೆ. ಹೊಳೆಯಲ್ಲಿ ಕೊಚ್ಚಿಹೋಗುತ್ತ ಕಂಬಿಗೆ ಸಿಕ್ಕಿಕೊಳ್ಳುವ ದೃಶ್ಯಕ್ಕೆ ನಾದಿನಿ ಮುಖ ಮುಚ್ಚಿಕೊಂಡಳು. ಮೊದಲ ಭಾಗದಲ್ಲೇ ಒಬ್ಬ ದುರುಳ ಅವಳ ಮೈಮೇಲೆ ಕೈ ಹಾಕಲು ಬರುತ್ತಾನೆ. 2012ರಲ್ಲಿ, ಆಟ ಹೊರಬರುವ ಮೊದಲೇ, ಇದರ ಬಗ್ಗೆ ಆ ದೇಶಗಳಲ್ಲಿ ದೊಡ್ಡ ಗದ್ದಲವಾಗಿತ್ತು. ಆ ಗದ್ದಲ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಹೆಣ್ಣಿಗೆ ಧೈರ್ಯ ಬರಬೇಕಾದರೆ ಮೊದಲು ಆ ಸಂಕಟ ಆಗಲೇಬೇಕು ಎಂದು ಕಥೆ ಕಟ್ಟುವವರಿಗೆ ಯಾರು ಹೇಳಿಕೊಟ್ಟರೋ! ಗಂಡು ನಾಯಕನಿಗೆ ಹೀಗೆ ಬರೆಯುತ್ತಾರೆಯೇ? ಅವನನ್ನು ಕೊಂದಮೇಲೆ ಹುಡುಗಿ ನಡುಗಿ ಅಳುತ್ತಾಳೆ. ಸರಿ, ಮನುಷ್ಯಳು ಎಂದುಕೊಂಡೆವು. ಆದರೆ ಅತ್ತ ಕಣ್ಣೀರು ಆರುವ ಮೊದಲೇ ಸಾಲಾಗಿ ಜನರನ್ನು ಉರುಳಿಸಲು ತೊಡಗುತ್ತಾಳೆ. ಕಥೆ ಹೇಳುವುದು ಒಂದು, ಕೈ ಮಾಡುವುದು ಇನ್ನೊಂದು. ಈ ಆಟದ ದೊಡ್ಡ ದೋಷ ಇದೇ.

ನಾದಿನಿಯ ಅತ್ತೆಯವರಿಗೆ ಇದ್ಯಾವುದೂ ದೊಡ್ಡದಾಗಿ ಕಾಣಲಿಲ್ಲ. ಹಸಿವೆಗೆಂದು ಲಾರಾ ಬಾಣ ಬಿಟ್ಟು ಜಿಂಕೆ ಕೊಂದಳು ಎಂದು ಮೊಮ್ಮಗಳು ವರ್ಣಿಸಿದಾಗ ಮಾತ್ರ, "ಅಷ್ಟು ದೊಡ್ಡ ಕಾಡಿನಲ್ಲಿ ಒಂದು ಹಣ್ಣೂ ಸಿಗಲಿಲ್ವೇನೇ?" ಎಂದರು. ಸಿಗುತ್ತದೆ, ಹಣ್ಣೂ ಕಿತ್ತುಕೊಳ್ಳಬಹುದು ಎಂದು ಅವಳು ಹೇಳಿದಮೇಲೆಯೇ ಸಮಾಧಾನ.

ಭಾವನವರ ಪ್ರಶ್ನೆ ಗಂಡಸರ ಮಾಮೂಲು ಪ್ರಶ್ನೆ: "ಇದರಿಂದ ಏನು ಬಂತು?" ನಮ್ಮ ಬೆಂಗಳೂರಿನಲ್ಲೇ 1997ರಲ್ಲಿ ಧ್ರುವ ಇಂಟರ್‌ಆಕ್ಟಿವ್ ಎಂಬ ಆಟ ತಯಾರಿಸುವ ಕಂಪೆನಿ ಹುಟ್ಟಿತು, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡಿತು. ಚಿತ್ರ ಬರೆಯುವವರಿಗೆ, ಲೆಕ್ಕ ಬಲ್ಲವರಿಗೆ ಅಲ್ಲಿ ಕೆಲಸವಿದೆ. ಹಾಗೆಂದು ಆಟ ಆಡಿದರೆ ನೌಕರಿ ಸಿಗುತ್ತದೆಂದು ನಾನು ಹೇಳಲಾರೆ. ಊಟ ಮಾಡಿದವರೆಲ್ಲ ಅಡುಗೆಯವರಾಗುವುದಿಲ್ಲ. ಸಿನಿಮಾಗೆ ಹೋಗಿ ಬಂದಮೇಲೆ "ಏನು ಬಂತು" ಎಂದು ಕೇಳುತ್ತೇವೆಯೇ? ಸಂತೋಷ ಬಂತು, ಅಷ್ಟೇ. ಅದಕ್ಕೆ ಎಷ್ಟು ಕೊಡಬಹುದು ಎನ್ನುವುದು ಲೆಕ್ಕ.

ಆ ಲೆಕ್ಕಕ್ಕೆ ಬರೋಣ. ಈಗಷ್ಟೇ ಬಿಡುಗಡೆಯಾದ ದೊಡ್ಡ ಆಟಗಳಿಗೆ ನಾಲ್ಕೈದು ಸಾವಿರ ರೂಪಾಯಿ ಹೇಳುತ್ತಾರೆ. ಒಂದು ಮನೆಯ ತಿಂಗಳ ದಿನಸಿ! ಅಷ್ಟು ಕೊಟ್ಟು ಯಾವ ಆಟವನ್ನೂ ಕೊಳ್ಳಬೇಡಿ ಎಂಬುದು ನನ್ನ ಖಂಡಿತವಾದ ಮಾತು. ಏಕೆಂದರೆ ಆಟದ ಬೆಲೆ ಚಿನ್ನದ ಬೆಲೆಯಂತೆ ಏರುವುದಿಲ್ಲ, ಸಂಜೆಯ ಸೊಪ್ಪಿನಂತೆ ಇಳಿಯುತ್ತದೆ. ಈ 'ಟೂಂಬ್ ರೈಡರ್' ಮೊದಲ ನಾಲ್ಕು ವಾರಗಳಲ್ಲೇ 34 ಲಕ್ಷ ಪ್ರತಿ ಮಾರಾಟವಾಯಿತು. ಆದರೂ ಪ್ರಕಾಶಕರಾದ ಸ್ಕ್ವೇರ್ ಎನಿಕ್ಸ್ ಕಂಪೆನಿಯವರು ನಿರೀಕ್ಷೆಯಷ್ಟಾಗಲಿಲ್ಲ ಎಂದರು. ಆಮೇಲೆ ಬೆಲೆ ಇಳಿಸಿ ಇಳಿಸಿ ಮಾರಿದರು. 2021ರ ಡಿಸೆಂಬರ್ ಕೊನೆಯಲ್ಲಂತೂ ಎಪಿಕ್ ಎಂಬ ಆನ್‌ಲೈನ್ ಅಂಗಡಿಯವರು ಇದನ್ನೂ ಇದರ ಮುಂದಿನ ಎರಡು ಕಂತುಗಳನ್ನೂ (2015 ಮತ್ತು 2018ರವು) ಕೆಲವು ದಿನ ಪುಕ್ಕಟೆ ಹಂಚಿಬಿಟ್ಟರು! ಕಾಯುವ ತಾಳ್ಮೆ ಇದ್ದವರಿಗೆ ಲಾಭವುಂಟು. ಹಬ್ಬ, ಬೇಸಿಗೆ ರಜೆ, ವರ್ಷದ ಕೊನೆ, ಈ ಸಮಯಗಳಲ್ಲಿ ಸ್ಟೀಮ್ ಮೊದಲಾದ ಅಂಗಡಿಗಳಲ್ಲಿ ಇಂಥ ಹಳೆಯ ಆಟಗಳು ನಾಲ್ಕನೇ ಒಂದು ಬೆಲೆಗೂ ಇಳಿಯುವುದುಂಟು.

ಸಣ್ಣ ಊರಿನವರು ಇದಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೋ ನ್ಯಾಷನಲ್ ಮಾರ್ಕೆಟ್ಟಿಗೋ ಬರಬೇಕಾಗಿಲ್ಲ. ಸ್ಟೀಮ್‌ನಲ್ಲಿ ರೂಪಾಯಿ ಲೆಕ್ಕದಲ್ಲೇ ಬೆಲೆ ಇರುತ್ತದೆ, ಯುಪಿಐನಲ್ಲಿ ದುಡ್ಡು ಕಟ್ಟಬಹುದು. ಎಲ್ಲಕ್ಕಿಂತ ಮುಖ್ಯವಾದ್ದು ಕೇಳಿ: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ, ಹಿಡಿಸಲಿಲ್ಲವೆಂದು ವಾಪಸು ಕೊಟ್ಟು ದುಡ್ಡು ಹಿಂದಕ್ಕೆ ಪಡೆಯಬಹುದು. ಸೀರೆ ಅಂಗಡಿಯವರೂ ಇಷ್ಟು ಉದಾರವಾಗಿ ಇರುವುದಿಲ್ಲ. ಕೊಳ್ಳುವ ಮೊದಲು ಲ್ಯಾಪ್‌ಟಾಪಿನಲ್ಲಿ ಸುಮಾರು 12 ಜಿಬಿ ಜಾಗ ಖಾಲಿ ಇದೆಯೇ ನೋಡಿಕೊಳ್ಳಿ. ಸ್ನೇಹಿತರು ಪುಕ್ಕಟೆ ಕೊಡುತ್ತಾರೆಂದು ಕಳ್ಳ ಪ್ರತಿ ಹಾಕಿಸಿಕೊಳ್ಳಬೇಡಿ. ಅದರ ಜೊತೆಗೆ ವೈರಸ್ ನುಗ್ಗಿದರೆ, ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವ ಯಜಮಾನರ ಪಾಸ್‌ವರ್ಡ್ ಯಾರ ಪಾಲಾಗುತ್ತದೋ!

ಹೊತ್ತು ಎಷ್ಟು ತಿನ್ನುತ್ತದೆ ಎಂದು ನಾದಿನಿ ಕೇಳಿದಳು. ಕಥೆ ಮುಗಿಯಲು ಹತ್ತು ಹನ್ನೆರಡು ಗಂಟೆ, ಮೂಲೆಮೂಲೆ ಹುಡುಕುವವರಿಗೆ ಇನ್ನೂ ಸ್ವಲ್ಪ ಹೆಚ್ಚು. ನನಗೆ ಇದರಲ್ಲಿ ಹಿಡಿಸಿದ್ದೇ ಇದು: ಆಟಕ್ಕೆ ಒಂದು ಕೊನೆ ಇದೆ. ಒಂದು ಸಲ ದುಡ್ಡು ಕೊಟ್ಟರೆ ಕಥೆ ಮುಗಿಯುವತನಕ ಮತ್ತೆ ಕೈ ಚಾಚುವುದಿಲ್ಲ. ಫೋನಿನಲ್ಲಿ ಪುಕ್ಕಟೆ ಎಂದು ಶುರುವಾಗಿ ದಿನಕ್ಕೊಂದು ನೆಪದಲ್ಲಿ ಇಪ್ಪತ್ತು ಐವತ್ತು ಕೀಳುವ ಆಟಗಳಿಗೆ ಕೊನೆಯೇ ಇಲ್ಲ. ಪಣಕ್ಕೆ ಹಣ ಕಟ್ಟುವ ಆನ್‌ಲೈನ್ ಆಟಗಳು ಎಷ್ಟು ಸಂಸಾರ ಮುಳುಗಿಸಿದವು ಎಂದು ನಿಮಗೇ ಗೊತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ಅವನ್ನು ನಿಷೇಧಿಸಿತು. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೂ ಊಟ, ನಿದ್ರೆ, ಓದು ಬಿಟ್ಟು ಮಗು ಪರದೆಗೇ ಅಂಟಿಕೊಂಡರೆ ಬೈದು ಪ್ರಯೋಜನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು ಇದಕ್ಕೆಂದೇ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯ ತೆರೆದಿದ್ದಾರೆ. ಅಲ್ಲಿಗೆ ಹೋಗಲು ನಾಚಿಕೆಪಡಬೇಕಾದ್ದೇನೂ ಇಲ್ಲ.

ಪಂಚಾಯಿತಿಯ ತೀರ್ಪು ಹೀಗಾಯಿತು. ಆಟ ಕೊಳ್ಳಬಹುದು, ಅವಳ ಪಾಠದ ದುಡ್ಡಿನಲ್ಲೇ, ಬೆಲೆ ಇಳಿದಾಗ. ಮೊದಲನೆಯದೊಂದು ಸಾಕು, ಮೂರು ಕಂತಿನ ಕಟ್ಟು ಬೇಡ. ಮುಗಿಸಿದಮೇಲೂ ಬೇಕೆನಿಸಿದರೆ ಆಗ ನೋಡೋಣ. ಪರೀಕ್ಷೆಯ ತಿಂಗಳು ಮುಟ್ಟುವಂತಿಲ್ಲ. ಲ್ಯಾಪ್‌ಟಾಪು ರಾತ್ರಿ ಎಂಟರಿಂದ ಒಂಬತ್ತೂವರೆ ಅವಳದು. ಇಷ್ಟು ಹೇಳುವಷ್ಟರಲ್ಲಿ ಅಣ್ಣ, "ಅದು ನನ್ನ ಲ್ಯಾಪ್‌ಟಾಪ್" ಎಂದು ಎದ್ದ. ಪರೀಕ್ಷೆಯ ನಿಯಮ ನಿನಗೂ ಉಂಟಪ್ಪಾ, ಮುಂದಿನ ಸಲ ಆಟ ಕೊಳ್ಳುವಾಗ ನೀನೂ ಬಂದು ಹೀಗೇ ವಾದ ಮಾಡಬೇಕು ಎಂದು ಅವನ ತಾಯಿಯೇ ಹೇಳಿದಳು. ನನಗೆ ಅದು ಆಟಕ್ಕಿಂತ ಹೆಚ್ಚು ಹಿಡಿಸಿತು.

ಆದರೆ ಈ ತೀರ್ಪು ಹತ್ತೊಂಬತ್ತು ವರ್ಷದವಳಿಗೆ. ಯೂರೋಪಿನಲ್ಲಿ ಈ ಆಟಕ್ಕೆ 18 ಮೀರಿದವರಿಗೆ ಎಂದೂ, ಅಮೆರಿಕದಲ್ಲಿ 17 ಮೀರಿದವರಿಗೆ ಎಂದೂ ಮುದ್ರೆ ಒತ್ತಿದ್ದಾರೆ. ಹೈಸ್ಕೂಲಿನ ಮಕ್ಕಳು ಕೇಳಿದರೆ ಖಂಡಿತ ಬೇಡ. ಸಾಹಸ ಮಾಡುವ ಹೆಣ್ಣೇ ಬೇಕೆಂದರೆ 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಕಂಪೆನಿಯವರು ತಂದ 'ರಾಜಿ' ಎಂಬ ಆಟವಿದೆ. ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ ಸರ್ಕಸ್ ಹುಡುಗಿಗೆ ದುರ್ಗೆಯ ಕೃಪೆಯಿಂದ ತ್ರಿಶೂಲ ಸಿಗುತ್ತದೆ. ಕೋಟೆ, ಕಮಾನು, ಗೋಡೆಯ ಚಿತ್ರಗಳು ಕಣ್ಣಿಗೆ ಹಬ್ಬ. ಹೊಡೆದಾಟವಿದೆ, ಆದರೆ ರಾಕ್ಷಸರೊಡನೆ. ಐದಾರು ಗಂಟೆಯಲ್ಲಿ ಮುಗಿಯುತ್ತದೆ. ಕಥೆ ಮಾತ್ರ ಕೊನೆಗೆ ಥಟ್ಟನೆ ನಿಂತುಬಿಡುತ್ತದೆ, ಆದ್ದರಿಂದ ಅದಕ್ಕೂ ಪೂರ್ತಿ ಬೆಲೆ ಕೊಡಬೇಡಿ.