ಒಂದು ತುತ್ತಿನಿಂದ ಏನಾದೀತು?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಗಾದೆಯನ್ನು ಕೇಳಿ ಮರೆಯುವವರೇ ಬಹುಮಂದಿ. ಆದರೆ ಅದನ್ನು ದಿನಕ್ಕೆ ಮೂರು ಹೊತ್ತೂ ಬದುಕಿ ತೋರಿಸಬೇಕಾದ ಜನರೂ ಲೋಕದಲ್ಲಿದ್ದಾರೆ. ಅವರ ಬೇನೆಯನ್ನು ಗುಣಪಡಿಸುವ ಗುಳಿಗೆ ಇಂದಿಗೂ ಔಷಧದಂಗಡಿಯಲ್ಲಿ ದೊರೆಯದು; ಶಸ್ತ್ರಚಿಕಿತ್ಸೆಯಿಂದಲೂ ಅದು ನೀಗದು. ಅದರ ಮದ್ದು ಇರುವುದು ಅಡಿಗೆಯ ಮನೆಯಲ್ಲಿ. ಆ ಮದ್ದೂ ಒಂದು ಪದಾರ್ಥದ ಸೇವನೆಯಲ್ಲ, ಒಂದು ಪದಾರ್ಥದ ತ್ಯಾಗ. ಆ ಪದಾರ್ಥವೇ ಗೋಧಿ. ಆ ಬೇನೆಯ ಹೆಸರು ಸೀಲಿಯಾಕ್ ರೋಗ.

ಹೋಳಿಗೆಯ ಕಣಕವನ್ನು ಎಷ್ಟು ಎಳೆದರೂ ಹರಿಯದಂತೆ ಹಿಡಿದಿಡುವ ಜಿಗುಟಿಗೆ ಕಾರಣ ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಸಸಾರಜನಕ. ಜವೆಗೋಧಿಯಲ್ಲಿಯೂ, ಯೂರೋಪಿನಲ್ಲಿ ಬೆಳೆಯುವ ರೈ ಧಾನ್ಯದಲ್ಲಿಯೂ ಇದರ ಬಂಧುಗಳೇ ಇವೆ. ಗೃಹಿಣಿಗೆ ವರವಾದ ಈ ಗುಣವೇ ಕೆಲವರ ಕರುಳಿಗೆ ಶಾಪವಾಗುತ್ತದೆ. ಸಣ್ಣ ಕರುಳಿನ ಒಳಗೋಡೆಯು ಮಖಮಲ್ಲಿನಂತೆ ಲಕ್ಷಾಂತರ ಸೂಕ್ಷ್ಮ ಚಾಚುಗಳಿಂದ ಕೂಡಿದೆ. ಉಂಡ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು ಈ ಚಾಚುಗಳ ಕೆಲಸ. ಸೀಲಿಯಾಕ್ ರೋಗಿಯ ದೇಹವು ಗ್ಲೂಟೆನ್ನನ್ನು ಶತ್ರುವೆಂದು ಭ್ರಮಿಸಿ ಹೋರಾಟಕ್ಕೆ ನಿಲ್ಲುತ್ತದೆ. ಆ ಹೋರಾಟದಲ್ಲಿ ತನ್ನ ಕರುಳನ್ನೇ ಗಾಯಗೊಳಿಸಿಕೊಳ್ಳುತ್ತದೆ. ಚಾಚುಗಳು ಸವೆದು ಮಖಮಲ್ಲು ಬೋಳಾಗುತ್ತದೆ. ಆಮೇಲೆ ಎಂತಹ ಪುಷ್ಟಿಕರವಾದ ಆಹಾರವನ್ನು ಉಂಡರೂ ಅದು ಮೈಗೆ ಹತ್ತದೆ ಹರಿದುಹೋಗುತ್ತದೆ.

ಈ ರೋಗವು ಒಂದೇ ವೇಷದಲ್ಲಿ ಬರುವುದಿಲ್ಲ. ಒಬ್ಬನಿಗೆ ತಿಂಗಳುಗಟ್ಟಲೆ ಭೇದಿ, ಹೊಟ್ಟೆಯುಬ್ಬರ, ಮತ್ತೊಬ್ಬನಿಗೆ ಮಲಬದ್ಧತೆ. ಓರಗೆಯ ಮಕ್ಕಳು ಎತ್ತರವಾಗಿ ಬೆಳೆಯುತ್ತಿರುವಾಗ ಒಂದು ಮಗು ಮಾತ್ರ ಬೆಳೆಯದೆ ನಿಂತುಬಿಡುತ್ತದೆ. ಕಬ್ಬಿಣದ ಗುಳಿಗೆಗಳನ್ನು ಎಷ್ಟು ನುಂಗಿದರೂ ಒಬ್ಬ ತರುಣಿಯ ರಕ್ತಹೀನತೆ ನೀಗುವುದಿಲ್ಲ. ಬಾಯಿಹುಣ್ಣು, ಎಲುಬಿನ ಸವೆತ, ಕಾರಣ ತಿಳಿಯದ ಆಯಾಸ, ಕೆಲವೊಮ್ಮೆ ಬಂಜೆತನ ಇವೂ ಅದರ ಮುಖಗಳೇ. ಆದುದರಿಂದಲೇ ಎಷ್ಟೋ ಮನೆಗಳಲ್ಲಿ ಇದನ್ನು ಜಂತುಹುಳುವಿನ ಬಾಧೆಯೆಂದೋ, ದೃಷ್ಟಿಯೆಂದೋ, ‘ವಂಶವೇ ಸಣಕಲು’ ಎಂದೋ ತಿಳಿದು ವರ್ಷಗಳನ್ನು ಕಳೆಯುವುದುಂಟು.

ಮನುಷ್ಯನಿಗೆ ಈ ಶತ್ರುವಿನ ಗುರುತು ಸಿಕ್ಕಿದ ಕಥೆ ದೀರ್ಘವಾದುದು. ಸುಮಾರು 1,800 ವರ್ಷಗಳಿಗೂ ಹಿಂದೆ ಅರೆಟೀಯಸ್ ಎಂಬ ಗ್ರೀಕ್ ವೈದ್ಯನು ಅನ್ನ ಅರಗದೆ ಸೊರಗುವ ರೋಗಿಗಳನ್ನು ವರ್ಣಿಸಿದನು. ಹೊಟ್ಟೆ ಎಂಬ ಅರ್ಥದ ಗ್ರೀಕ್ ಮಾತಿನಿಂದಲೇ ರೋಗಕ್ಕೆ ಈ ಹೆಸರು ಬಂದಿತು. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯನು, ಇದು ಗುಣವಾಗುವುದೇ ಆದರೆ ಪಥ್ಯದಿಂದಲೇ ಆಗಬೇಕು ಎಂದು ಬರೆದನು. ಪಥ್ಯ ಯಾವುದೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬುವನು ಬಾಳೆಯ ಹಣ್ಣಿನ ಪಥ್ಯವನ್ನು ಪ್ರಕಟಿಸಿದನು. ಬಾಡಿದ ಮಕ್ಕಳು ಅದರಿಂದ ಚಿಗುರಿದುದು ನಿಜ. ಎಲ್ಲರೂ ಬಾಳೆಯ ಹಣ್ಣನ್ನೇ ಹೊಗಳಿದರು. ಆದರೆ ಆ ಪಥ್ಯದಲ್ಲಿ ರೊಟ್ಟಿಗೆ ನಿಷೇಧವಿದ್ದಿತು. ಮಕ್ಕಳನ್ನು ಕಾಪಾಡಿದುದು ಎಲೆಯ ಮೇಲಿದ್ದ ಹಣ್ಣಲ್ಲ, ಎಲೆಯ ಮೇಲಿಲ್ಲದ ಗೋಧಿ ಎಂಬುದು ಆಗ ಯಾರಿಗೂ ತಿಳಿಯಲಿಲ್ಲ. ರೋಗ ವಾಸಿಯಾಯಿತೆಂದು ನಂಬಿ ಮತ್ತೆ ಗೋಧಿಗೆ ಮರಳಿದವರಿಗೆ ಆ ರಕ್ಷೆಯೂ ತಪ್ಪಿತು.

ಗುಟ್ಟನ್ನು ಬಿಡಿಸಿದವನು ಹಾಲೆಂಡಿನ ಮಕ್ಕಳ ವೈದ್ಯನಾದ ವಿಲ್ಲೆಮ್ ಡಿಕೆ. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವನಿಗೆ ಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಸಂಶಯ ಹುಟ್ಟಿದ್ದಿತು. 1944–45ರ ಚಳಿಗಾಲದಲ್ಲಿ, ಜರ್ಮನರ ಹಿಡಿತದಲ್ಲಿದ್ದ ಆ ದೇಶಕ್ಕೆ ಘೋರ ಕ್ಷಾಮ ಬಂದಿತು. ರೊಟ್ಟಿ ಕಾಣದಾಯಿತು, ಜನರು ಟ್ಯುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು, ಸಾವಿರಾರು ಮಂದಿ ಹಸಿವಿನಿಂದ ಮಡಿದರು. ಆದರೆ ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ರೋಗವಿದ್ದ ಮಕ್ಕಳ ಸ್ಥಿತಿ ಮಾತ್ರ ಕೆಡಲಿಲ್ಲ, ಸುಧಾರಿಸಿತು! ಮತ್ತೆ ರೊಟ್ಟಿ ಸಿಕ್ಕತೊಡಗಿದಾಗ ಅವರ ಬೇನೆಯೂ ಮರುಕಳಿಸಿತು. ಡಿಕೆ ತನ್ನ ಸಂಶಯವನ್ನು ಪಥ್ಯದ ಪ್ರಯೋಗಗಳಿಂದ ದೃಢಪಡಿಸಿಕೊಂಡು 1950ರಲ್ಲಿ ಪ್ರೌಢಪ್ರಬಂಧವನ್ನು ಬರೆದನು. ಸಾವಿರಾರು ವರ್ಷಗಳಿಂದ ಮನುಷ್ಯನು ಪ್ರಾಣಾಧಾರವೆಂದು ಪೂಜಿಸಿದ ಧಾನ್ಯವೇ ಕೆಲವರ ಪಾಲಿಗೆ ಅಪಾಯವೆಂಬುದು ಹಾಗೆ ಸಿದ್ಧವಾಯಿತು.

ಇದು ಹೊರದೇಶದ ರೋಗ, ತಮಗೇಕೆ ಅದರ ಚಿಂತೆ ಎಂದು ಕೆಲವು ವಾಚಕರು ಕೇಳಬಹುದು. ಲೋಕದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ರೋಗವಿದೆಯೆಂದು ತಜ್ಞರ ಅಂದಾಜು. ಗೋಧಿಯ ರೊಟ್ಟಿಯನ್ನೇ ನಂಬಿದ ಉತ್ತರ ಭಾರತದಲ್ಲಿಯೂ ಅದರ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಅನ್ನ, ಮುದ್ದೆಗಳ ದಕ್ಷಿಣದಲ್ಲಿ ಅದು ಬಹಳ ವಿರಳ. ವಿರಳ ಎಂದರೆ ಇಲ್ಲವೆಂದಲ್ಲ. ವಿರಳವಾದುದರಿಂದಲೇ ಅದರ ನೆನಪು ಬೇಗ ಬಾರದು ಎಂಬ ತೊಂದರೆಯೂ ಇದೆ. ಮುದ್ದೆಯ ಮನೆಗಳಲ್ಲಿಯೂ ಇಂದು ಬೆಳಗ್ಗೆ ಬ್ರೆಡ್ಡು, ಸಂಜೆಗೆ ಬಿಸ್ಕತ್ತು, ರಾತ್ರಿಗೆ ಚಪಾತಿ ಬಂದು ಕುಳಿತಿವೆ.

ರೋಗವನ್ನು ಪತ್ತೆಹಚ್ಚುವ ದಾರಿ ಇಂದು ಸುಗಮವಾಗಿದೆ. ಮೊದಲು ಒಂದು ರಕ್ತಪರೀಕ್ಷೆ. ಅದರಲ್ಲಿ ಸುಳಿವು ಕಂಡರೆ ದುರ್ಬೀನಿನ ನಳಿಕೆಯನ್ನು ಬಾಯಿಯ ಮೂಲಕ ಇಳಿಸಿ, ಕರುಳಿನ ಚೂರನ್ನು ತೆಗೆದು ಪರೀಕ್ಷಿಸುವುದು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಂಶಯ ಬಂದೊಡನೆ ಗೋಧಿಯನ್ನು ಬಿಟ್ಟು, ಆಮೇಲೆ ಪರೀಕ್ಷೆಗೆ ಹೋಗಬಾರದು. ಗೋಧಿ ಬಿಟ್ಟ ಕರುಳು ಚೇತರಿಸಿಕೊಳ್ಳತೊಡಗುವುದರಿಂದ ಪರೀಕ್ಷೆಯೇ ದಾರಿತಪ್ಪಬಹುದು. ಒಬ್ಬರಿಗೆ ರೋಗ ಸಿದ್ಧವಾದರೆ ಅವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಕೂಡ ವೈದ್ಯರಲ್ಲಿ ವಿಚಾರಿಸುವುದು ಒಳಿತು; ಇದು ವಂಶದಲ್ಲಿ ಹರಿದುಬರುವ ರೋಗ.

ಪಥ್ಯ ಆರಂಭವಾದ ಮೇಲೆ ಕನ್ನಡ ನಾಡಿನ ರೋಗಿ ಒಂದು ದೃಷ್ಟಿಯಿಂದ ಭಾಗ್ಯವಂತನೇ ಸರಿ. ರಾಗಿಮುದ್ದೆ, ಜೋಳದ ರೊಟ್ಟಿ, ಅಕ್ಕಿರೊಟ್ಟಿ, ನವಣೆಯ ಅನ್ನ, ಇಡ್ಲಿ, ದೋಸೆ, ಅವಲಕ್ಕಿ, ಬೇಳೆಕಾಳು, ಹಣ್ಣು, ತರಕಾರಿ ಇವಾವುವೂ ಅವನಿಗೆ ಸಹಜವಾಗಿ ನಿಷಿದ್ಧವಲ್ಲ. ಹಾಲೆಂಡಿನ ಮಗುವಿಗೆ ಕ್ಷಾಮದ ಕಾಲದಲ್ಲಿ ದೊರೆತ ಪಥ್ಯವು ಇಲ್ಲಿಯ ಹೊಲಗಳಲ್ಲಿ ಬೆಳೆದು ನಿಂತಿದೆ. ಬಿಡಬೇಕಾದುವು ಚಪಾತಿ, ಪೂರಿ, ರವೆಯ ಉಪ್ಪಿಟ್ಟು, ಕೇಸರಿಬಾತು, ಗೋಧಿಯ ಶಾವಿಗೆ, ಚಿರೋಟಿ, ಹೋಳಿಗೆ, ಗೋಧಿಹುಗ್ಗಿ, ಬನ್ನು, ಬಿಸ್ಕತ್ತು.

ಕಣ್ಣಿಗೆ ಕಾಣುವ ಗೋಧಿಯನ್ನು ಬಿಡುವುದು ಸುಲಭ. ಕಾಣದ ಗೋಧಿಯೇ ಕಠಿನ. ಅಂಗಡಿಯ ಡಬ್ಬಿಯಲ್ಲಿ ಬರುವ ಇಂಗಿಗೆ ಅನೇಕ ವೇಳೆ ಗೋಧಿಯ ಹಿಟ್ಟನ್ನೇ ಬೆರೆಸಿರುತ್ತಾರೆ. ಆದುದರಿಂದ ನಿರಪಾಯವೆಂದು ಕಂಡ ಸಾರು, ಹುಳಿ, ಒಗ್ಗರಣೆಗಳೂ ಸಂಶಯಾಸ್ಪದವೇ. ಮಾಲ್ಟ್ ಎಂಬ ಹೆಸರಿನ ಪಾನೀಯಗಳಲ್ಲಿ ಜವೆಗೋಧಿ ಇರಬಹುದು. ಎಲ್ಲಕ್ಕಿಂತ ಮಿಗಿಲಾಗಿ ಊರಿನ ಹಿಟ್ಟಿನ ಗಿರಣಿ! ಹಿಂದಿನವರ ಗೋಧಿಯನ್ನು ಬೀಸಿದ ಕಲ್ಲಿನಲ್ಲಿಯೇ ರಾಗಿಯನ್ನು ಬೀಸಿದರೆ ಶುದ್ಧ ರಾಗಿಯೂ ಶುದ್ಧವಾಗಿ ಉಳಿಯದು. ಮನೆಯಲ್ಲಿ ಚಪಾತಿಯ ಮಣೆ, ಲಟ್ಟಣಿಗೆ, ಕಾವಲಿಗಳನ್ನು ಬೇರೆಯಾಗಿಡಬೇಕು. ರೋಗಿಯ ಹಿಟ್ಟನ್ನು ಮನೆಯಲ್ಲಿಯೇ ಬೀಸಿಕೊಂಡರೆ ಉತ್ತಮ.

ಇಷ್ಟು ಕಟ್ಟುನಿಟ್ಟು ಬೇಕೆ? ಬೇಕು. ಇಟಲಿಯ ವೈದ್ಯರು 2007ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ದಿನಕ್ಕೆ ಕೇವಲ 50 ಮಿಲಿಗ್ರಾಂ ಗ್ಲೂಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ರೋಗಿಗಳ ಕರುಳಿಗೆ ಹಾನಿ ತಟ್ಟುವುದೆಂದು ಕಂಡುಬಂದಿತು. ಒಂದು ಹೋಳು ಬ್ರೆಡ್ಡಿನಲ್ಲಿ ಅದರ ಹತ್ತಾರು ಪಟ್ಟು ಗ್ಲೂಟೆನ್ ಇದೆ. ಆದುದರಿಂದಲೇ ‘ಗ್ಲೂಟೆನ್ ರಹಿತ’ ಎಂದು ಅಚ್ಚುಹಾಕುವ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರಬಾರದೆಂಬ ಅಂತರರಾಷ್ಟ್ರೀಯ ನಿಯಮವನ್ನು ಭಾರತವೂ ಅಂಗೀಕರಿಸಿದೆ.

ಆದರೆ ಮಿಲಿಗ್ರಾಂಗಳ ಲೆಕ್ಕವು ಬಂಧುಬಳಗಕ್ಕೆ ಅರ್ಥವಾಗುವುದಿಲ್ಲ. ಹನ್ನೊಂದು ವರ್ಷದ ಒಬ್ಬ ಬಾಲಕಿಯನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ಸತ್ಯನಾರಾಯಣ ಪೂಜೆ. ತುಪ್ಪದಲ್ಲಿ ಹುರಿದ ರವೆಯ ಸಪಾದ ಭಕ್ಷ್ಯದ ಪರಿಮಳ ನಡುಮನೆಯನ್ನು ತುಂಬಿದೆ. ಅಜ್ಜಿ ಅಂಗೈಯಲ್ಲಿ ಚಿಟಿಕೆಯಷ್ಟನ್ನು ಹಿಡಿದು ಬರುತ್ತಾಳೆ.

“ತಗೊಳ್ಳೇ ಪುಟ್ಟೀ, ದೇವರ ಪ್ರಸಾದ. ಇಷ್ಟರಿಂದ ಏನಾದೀತು?”

“ಬೇಡ ಅಜ್ಜೀ.”

“ಪ್ರಸಾದಕ್ಕೆ ಬೇಡ ಅನ್ನಬಾರದಮ್ಮ.”

ಮಗು ತಾಯಿಯ ಮುಖವನ್ನು ನೋಡುತ್ತದೆ. ತಾಯಿ ಅತ್ತೆಯ ಮುಖವನ್ನು ನೋಡುತ್ತಾಳೆ. ನೆರೆದ ಹತ್ತು ಮಂದಿ ತಾಯಿಮಗಳನ್ನು ನೋಡುತ್ತಾರೆ. ಅಜ್ಜಿಯಲ್ಲಿ ಕೆಡುಕಿನ ಲೇಶವೂ ಇಲ್ಲ; ಅವಳ ಕೈಯಲ್ಲಿರುವುದು ಅಪ್ಪಟ ಪ್ರೀತಿ. ಅಪಾಯವಿರುವುದೂ ಅಲ್ಲಿಯೇ. ಬಲವಂತದ ಕೈಯನ್ನು ತಳ್ಳಿಬಿಡಬಹುದು, ಪ್ರೀತಿಯ ಕೈಯನ್ನು ತಳ್ಳುವುದು ಹೇಗೆ? ಮದುವೆಯ ಪಂಕ್ತಿಯಲ್ಲಿ, ಗೆಳತಿಯ ಹುಟ್ಟುಹಬ್ಬದಲ್ಲಿ, ಮುಂದೆ ಅತ್ತೆಯ ಮನೆಯಲ್ಲಿ ಅವಳಿಗೆ ಇದೇ ಪ್ರಶ್ನೆ ಕಾದಿದೆ. ಈ ರೋಗಿಗಳನ್ನು ಬಳಲಿಸುವುದು ನಾಲಗೆಯ ಚಪಲಕ್ಕಿಂತ ಹೆಚ್ಚಾಗಿ ಈ ನಿತ್ಯದ ‘ಬೇಡ’. ಎಷ್ಟೋ ಮಂದಿ ಪಥ್ಯವನ್ನು ಮುರಿಯುವುದು ಆಸೆಯಿಂದಲ್ಲ, ದಾಕ್ಷಿಣ್ಯದಿಂದ.

ಹೀಗಿರುವಾಗ ಪಥ್ಯವು ರೋಗಿಯೊಬ್ಬನ ವ್ರತವಾದರೆ ಸಾಲದು, ಮನೆಯ ಧರ್ಮವಾಗಬೇಕು. ಆ ಪೂಜೆಗೆ ಅಕ್ಕಿಯ ರವೆಯಿಂದಲೇ ಭಕ್ಷ್ಯವನ್ನು ಮಾಡಿದರೆ ದೇವರು ಮುನಿಯಲಾರನು. ಕಡೆಗೆ ಮಗುವಿನ ಕೈಗೆ ಬಾಳೆಯ ಹಣ್ಣನ್ನೋ ತೀರ್ಥವನ್ನೋ ಕೊಟ್ಟರೂ ಅದು ಪ್ರಸಾದವೇ. ಶಾಲೆಯ ಉಪಾಧ್ಯಾಯರಿಗೆ ಮೊದಲೇ ತಿಳಿಸಬೇಕು. ಮದುವೆಗೆ ಹೋಗುವಾಗ ಒಂದು ಬುತ್ತಿಯನ್ನು ಕಟ್ಟಿಕೊಳ್ಳಲು ನಾಚಬಾರದು. ಮಗುವಿನ ಬದಲು ಹಿರಿಯರೇ ‘ಅವಳಿಗೆ ಆಗದು’ ಎಂದು ಒಂದು ಮಾತು ಹೇಳಿದರೆ, ಆ ಪುಟ್ಟ ಹೆಗಲಿನ ಹೊರೆ ಅರ್ಧಕ್ಕೆ ಇಳಿಯುತ್ತದೆ.

ಪಥ್ಯದ ಫಲವೂ ಸಾಮಾನ್ಯವಲ್ಲ. ಹೊಟ್ಟೆಯ ಬಾಧೆ ಅನೇಕರಿಗೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಮಕ್ಕಳ ಕರುಳು ಬೇಗ ಚಿಗುರುತ್ತದೆ. ವಯಸ್ಕರಿಗೆ ವರ್ಷಗಳೇ ಬೇಕಾಗಬಹುದು. ಆದರೆ ನೋವು ಹೋಯಿತೆಂದು ಪಥ್ಯವನ್ನು ಬಿಡುವಂತಿಲ್ಲ. ಇದು ಬದುಕಿರುವವರೆಗಿನ ನೇಮ. ಬಿಟ್ಟರೆ ಎಲುಬುಗಳು ಟೊಳ್ಳಾಗಬಹುದು. ಅಪರೂಪವಾಗಿ ಕರುಳಿನ ಅರ್ಬುದವೂ ತಲೆಯೆತ್ತಬಹುದು. ಕಬ್ಬಿಣ, ಸುಣ್ಣದ ಅಂಶ, ಜೀವಸತ್ತ್ವಗಳ ಕೊರತೆ ಇದೆಯೇ ಎಂದು ವೈದ್ಯರಲ್ಲಿ ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳುತ್ತಿರಬೇಕು. ಈ ರೋಗವಿಲ್ಲದವರು ಮಾತ್ರ ಇದನ್ನೋದಿ ಗೋಧಿಗೆ ಹೆದರಬೇಕಾಗಿಲ್ಲ. ಅವರಿಗೆ ಅದು ಒಳ್ಳೆಯ ಧಾನ್ಯವೇ.

ಗಾದೆಯ ಎರಡು ಅರ್ಧಗಳನ್ನು ಹಿರಿಯರು ಸುಮ್ಮನೆ ಜೊತೆಗೂಡಿಸಿರಲಾರರು. ಊಟ ಬಲ್ಲವನು ಮಾತನ್ನೂ ಬಲ್ಲವನಾಗಿರಬೇಕು: ಯಾರ ಮನಸ್ಸನ್ನೂ ನೋಯಿಸದೆ, ತಾನೂ ಸೋಲದೆ, ನಗುತ್ತ ‘ಬೇಡ’ ಎನ್ನುವ ಮಾತು. ಅದನ್ನು ರೋಗಿ ಕಲಿಯಲೇಬೇಕು. ‘ಸರಿ, ಹಾಗಾದರೆ ನಿನಗೆ ಏನು ಬಡಿಸಲಿ?’ ಎಂದು ಕೇಳುವುದನ್ನು ಬಡಿಸುವವರು ಕಲಿತರೆ ಅರ್ಧ ಚಿಕಿತ್ಸೆ ಮುಗಿದಂತೆಯೇ.