ಆಡುವುದು, ಆಡಿಸುವುದು

ಒಂದು ವಿದ್ಯೆಯನ್ನು ಚೆನ್ನಾಗಿ ಬಲ್ಲವನು ಅದನ್ನು ಇನ್ನೊಬ್ಬರಿಗೆ ಚೆನ್ನಾಗಿ ಕಲಿಸಲೂ ಬಲ್ಲನೆ? ಈ ಪ್ರಶ್ನೆ ಇಂದಿನದಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ ನಾಟಕದ ಮೊದಲನೆಯ ಅಂಕದಲ್ಲಿಯೇ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ವಿವಾದಕ್ಕಿಳಿದು ರಾಜನ ಬಳಿಗೆ ಬರುತ್ತಾರೆ. ಆ ವಿವಾದವನ್ನು ತೀರಿಸಲು ಆಚಾರ್ಯರನ್ನೇ ಕುಣಿಸಿ ನೋಡುವುದಿಲ್ಲ. ಅವರ ಶಿಷ್ಯೆಯರನ್ನು ರಂಗಕ್ಕೆ ತರಿಸುವ ಏರ್ಪಾಡಾಗುತ್ತದೆ. ತನ್ನ ಮೈಯಲ್ಲಿ ನೆಲೆಸಿದ ಕೌಶಲ ಒಂದು, ಅದನ್ನು ಪರರಲ್ಲಿ ನೆಲೆಗೊಳಿಸುವ ಕೌಶಲ ಮತ್ತೊಂದು ಎಂಬ ವಿವೇಕ ಅಲ್ಲಿ ಅಡಗಿದೆ.

ಈ ಮಾತಿನ ಸತ್ಯವನ್ನು ಅರಿಯಲು ನಾಟಕಶಾಲೆಗೆ ಹೋಗಬೇಕಾಗಿಲ್ಲ. ನಲವತ್ತು ವರ್ಷ ಸಾರು ಮಾಡಿದ ಅಜ್ಜಿಯನ್ನು, ‘ಉಪ್ಪು ಎಷ್ಟು ಹಾಕಬೇಕು?’ ಎಂದು ಹೊಸದಾಗಿ ಬಂದ ಸೊಸೆಯು ಕೇಳಲಿ. ‘ಎಷ್ಟು ಬೇಕೋ ಅಷ್ಟು’ ಎಂಬ ಉತ್ತರ ಬರುತ್ತದೆ. ಅಜ್ಜಿಯ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಪಾಠಶಾಲೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನಾವು ಇದನ್ನೇ ಬೇರೆ ರೂಪದಲ್ಲಿ ಕಂಡಿದ್ದೇವೆ. ತರಗತಿಗೆ ಮೊದಲಿಗನಾಗಿದ್ದವನು ತಾನೇ ಉಪಾಧ್ಯಾಯನಾದಾಗ, ‘ಇಷ್ಟೂ ತಿಳಿಯದೆ?’ ಎಂದು ಹುಡುಗರ ಮೇಲೆ ಸಿಡುಕುವುದುಂಟು. ತನಗೆ ಒಲಿದು ಬಂದುದು ಮತ್ತೊಬ್ಬನಿಗೆ ಏಕೆ ಬಾರದೆಂಬುದು ಅವನಿಗೆ ಹೊಳೆಯುವುದೇ ಇಲ್ಲ.

ಹೀಗಿರುವಾಗ, ತನ್ನ ವಿದ್ಯೆಯಲ್ಲಿ ಶಿಖರವನ್ನೇರಿದವನೊಬ್ಬನು ಕೆಳಗಿಳಿದು ಬಂದು, ಬಾಲಬೋಧೆಯಿಂದ ಮೊದಲುಗೊಂಡು ಕಲಿಸಲು ತೊಡಗಿದರೆ ಏನಾದೀತು? ಅಮೆರಿಕದ ಬೇಸ್‌ಬಾಲ್ ಆಟಗಾರ ರೈನ್ ಸ್ಯಾಂಡ್‌ಬರ್ಗನ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ. ಆಟದ ಸುದ್ದಿ ನಮಗೇಕೆಂದು ಹಾಳೆ ಮಗುಚಬೇಡಿರಿ. ನಾವು ಹೇಳಹೊರಟಿರುವುದು ಚೆಂಡಿನ ಕಥೆಗಿಂತ ಹೆಚ್ಚಾಗಿ ಗುರುವಿನ ಕಥೆ.

ಮೊದಲು ಆಟದ ವಿಚಾರ ನಾಲ್ಕು ಮಾತು. ಬೇಸ್‌ಬಾಲ್ ನಮ್ಮವರು ಬಲ್ಲ ಕ್ರಿಕೆಟ್ಟಿನ ದಾಯಾದಿಯೆನ್ನಬಹುದು. ಒಬ್ಬನು ಚೆಂಡೆಸೆಯುತ್ತಾನೆ, ಇನ್ನೊಬ್ಬನು ದುಂಡನೆಯ ದಾಂಡಿನಿಂದ ಅದನ್ನು ಹೊಡೆದು, ಚೌಕದ ಮೂಲೆಗಳಲ್ಲಿರುವ ಮೂರು ಬೇಸುಗಳನ್ನು ಕ್ರಮವಾಗಿ ಮುಟ್ಟಿ, ಹೊರಟ ಸ್ಥಳಕ್ಕೆ ಮರಳಿದರೆ ಒಂದು ರನ್ನು. ಚೆಂಡು ಬೇಲಿಯನ್ನು ದಾಟಿ ಹೋದರೆ ಅದು ‘ಹೋಮ್ ರನ್’. ಹತ್ತು ಸಲ ಹೊಡೆಯಲು ನಿಂತವನು ಮೂರು ಸಲ ಸಫಲನಾದರೆ ಅವನನ್ನು ಉತ್ತಮ ದಾಂಡಿಗನೆಂದು ಎಣಿಸುತ್ತಾರೆ. ಎಂದರೆ, ಅತ್ಯುತ್ತಮನಾದವನಿಗೂ ಸೋಲೇ ಹೆಚ್ಚು. ಸೋಲನ್ನು ಸಹಿಸುವುದೂ ಈ ವಿದ್ಯೆಯ ಒಂದು ಅಂಗ.

ಅಮೆರಿಕ, ಕೆನಡಗಳಲ್ಲಿ ಸೇರಿ ಮೇಜರ್ ಲೀಗ್ ಎಂಬ ಮೇಲಿನ ಪಂಕ್ತಿಯಲ್ಲಿ ೩೦ ತಂಡಗಳಿವೆ. ಪ್ರತಿಯೊಂದು ತಂಡವೂ ತನ್ನ ಕೈಕೆಳಗೆ ಮೈನರ್ ಲೀಗಿನ ಹಲವು ಕಿರಿಯ ತಂಡಗಳನ್ನು ಇಟ್ಟುಕೊಂಡಿರುತ್ತದೆ. ೨೦೨೧ರಿಂದ ಒಂದಕ್ಕೆ ನಾಲ್ಕರಂತೆ ಇಂಥ ೧೨೦ ತಂಡಗಳಿವೆ; ಅದಕ್ಕೆ ಮೊದಲು ಇನ್ನೂ ಹೆಚ್ಚಾಗಿದ್ದವು. ಪ್ರಾಥಮಿಕ ಶಾಲೆ, ಮಾಧ್ಯಮಿಕ ಶಾಲೆ, ಪ್ರೌಢಶಾಲೆಗಳಂತೆ ಇವೂ ಒಂದರ ಮೇಲೊಂದು ಮೆಟ್ಟಿಲಾಗಿವೆ. ಹದಿನೆಂಟು, ಇಪ್ಪತ್ತು ವಯಸ್ಸಿನ ಹುಡುಗರು ಸಣ್ಣ ಊರುಗಳ ಸಣ್ಣ ಮೈದಾನಗಳಲ್ಲಿ ಆಡುತ್ತ, ರಾತ್ರಿಯೆಲ್ಲ ಬಸ್ಸಿನಲ್ಲಿ ಪ್ರಯಾಣ ಮಾಡುತ್ತ, ಮೇಲಿನ ಮೆಟ್ಟಿಲನ್ನೇ ನೋಡುತ್ತಿರುತ್ತಾರೆ. ಅವರ ಸಂಬಳ ಬಹುಕಾಲ ಹೊಟ್ಟೆಗೆ ಸಾಲುವಷ್ಟು ಮಾತ್ರ ಇತ್ತು. ಆಟಗಾರರ ಸಂಘವು ಅವರ ಪರವಾಗಿ ಮೊದಲ ಒಪ್ಪಂದವನ್ನು ಮಾಡಿಕೊಂಡುದು ೨೦೨೩ರಲ್ಲಿ. ಹುಡುಗರಲ್ಲಿ ಬಹುಪಾಲು ಜನ ಎಂದಿಗೂ ತುದಿಯನ್ನು ಮುಟ್ಟುವುದಿಲ್ಲ.

ಇಂತಹ ತಂಡವನ್ನು ನಡೆಸುವವನನ್ನು ಮ್ಯಾನೇಜರು ಎನ್ನುತ್ತಾರೆ. ಆತನು ಲೆಕ್ಕದ ಪುಸ್ತಕ ನೋಡುವ ಮ್ಯಾನೇಜರಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರು ಮೊದಲು ಹೊಡೆಯಬೇಕು ಎಂಬುದನ್ನು ಗೊತ್ತುಮಾಡುವವನು. ಪಂದ್ಯಕ್ಕೆ ಗಂಟೆಗಳ ಮೊದಲೇ ಮೈದಾನಕ್ಕಿಳಿದು ಹುಡುಗರಿಂದ ಅಭ್ಯಾಸ ಮಾಡಿಸುವವನು. ಈ ಕೆಲಸದಲ್ಲಿ ಒಂದು ವಿಚಿತ್ರವಿದೆ. ಮ್ಯಾನೇಜರಿನ ಮುಖ್ಯ ಕರ್ತವ್ಯ ಪಂದ್ಯ ಗೆಲ್ಲುವುದಲ್ಲ, ಹುಡುಗರನ್ನು ಬೆಳೆಸುವುದು. ಯಾವನಾದರೊಬ್ಬನು ಚೆನ್ನಾಗಿ ಆಡತೊಡಗಿದನೋ, ಋತುವಿನ ನಡುವೆಯೇ ಅವನನ್ನು ಮೇಲಿನ ತಂಡಕ್ಕೆ ಕರೆಸಿಕೊಳ್ಳುತ್ತಾರೆ; ಇಲ್ಲಿಯ ತಂಡ ಅಷ್ಟಕ್ಕೆ ಬಡವಾಗುತ್ತದೆ. ‘ನಾಳೆ ನೀನು ಮೇಲಕ್ಕೆ ಹೊರಡು’ ಎಂದು ಒಬ್ಬನಿಗೆ ಹೇಳುವವನೂ, ‘ಇನ್ನು ನೀನು ಮನೆಗೆ ಹೋಗಬಹುದು’ ಎಂದು ಮತ್ತೊಬ್ಬನಿಗೆ ಹೇಳುವವನೂ ಆ ಮ್ಯಾನೇಜರೇ. ಉಪಾಧ್ಯಾಯ ವೃತ್ತಿಯ ಸುಖದುಃಖಗಳೆರಡೂ ಇದರಲ್ಲಿವೆ.

ಇನ್ನು ಸ್ಯಾಂಡ್‌ಬರ್ಗನ ಮಾತು. ಆತನು ಹುಟ್ಟಿದುದು ೧೯೫೯ರಲ್ಲಿ, ವಾಷಿಂಗ್ಟನ್ ಸಂಸ್ಥಾನದ ಸ್ಪೋಕೇನ್ ಪಟ್ಟಣದಲ್ಲಿ. ೧೯೭೮ರಲ್ಲಿ ಫಿಲಡೆಲ್ಫಿಯದ ಫಿಲೀಸ್ ತಂಡದವರು ಆತನನ್ನು ಆರಿಸಿಕೊಂಡರು. ಅದೂ ಇಪ್ಪತ್ತನೆಯ ಸುತ್ತಿನಲ್ಲಿ. ಎಂದರೆ ಆತನಿಗಿಂತ ಮೊದಲು ನೂರಾರು ಹುಡುಗರ ಹೆಸರು ಕೂಗಿಯಾಗಿತ್ತು. ಮೈನರ್ ಲೀಗಿನ ಮೆಟ್ಟಿಲುಗಳನ್ನು ನಾಲ್ಕು ವರ್ಷ ಹತ್ತಿದ ಮೇಲೆ, ೧೯೮೨ರಲ್ಲಿ, ಇನ್ನೊಬ್ಬ ಹೆಸರಾದ ಆಟಗಾರನ ಜೊತೆಗೆ ಸೇರಿಸಿ ಆತನನ್ನು ಶಿಕಾಗೋ ನಗರದ ಕಬ್ಸ್ ತಂಡಕ್ಕೆ ಸಾಗಹಾಕಿದರು. ಅಲ್ಲಿ ಮೊದಲ ೩೨ ಸರದಿಗಳಲ್ಲಿ ಆತನಿಗೆ ದಕ್ಕಿದುದು ಒಂದೇ ಹೊಡೆತ. ಮುಂದೆ ಕಬ್ಸ್ ತಂಡಕ್ಕೆ ಬಂದ ಜಿಮ್ ಫ್ರೇ ಎಂಬ ಮ್ಯಾನೇಜರು, ‘ನಿನ್ನ ತೋಳಿನಲ್ಲಿ ನೀನು ತಿಳಿದಿರುವುದಕ್ಕಿಂತ ಹೆಚ್ಚಿನ ಬಲವಿದೆ’ ಎಂಬುದನ್ನು ಮನಗಾಣಿಸಿ, ದಾಂಡು ಬೀಸುವ ಕ್ರಮವನ್ನೇ ತಿದ್ದಿದನು. ಆ ೧೯೮೪ರಲ್ಲಿಯೇ ಸ್ಯಾಂಡ್‌ಬರ್ಗ್ ನ್ಯಾಷನಲ್ ಲೀಗಿನ ಸರ್ವೋತ್ತಮ ಆಟಗಾರನೆಂಬ ಬಿರುದನ್ನು ಪಡೆದನು. ಅದೇ ವರ್ಷ ಜೂನ್ ೨೩ರಂದು, ಎದುರಾಳಿಗಳ ಅತಿ ನಿಪುಣ ಎಸೆತಗಾರನಾದ ಬ್ರೂಸ್ ಸಟರನ ಚೆಂಡನ್ನು ಒಂಬತ್ತನೆಯ ಸರದಿಯಲ್ಲಿ ಒಮ್ಮೆ, ಹತ್ತನೆಯದರಲ್ಲಿ ಮತ್ತೊಮ್ಮೆ ಬೇಲಿಯಾಚೆಗಟ್ಟಿ, ಸೋಲುತ್ತಿದ್ದ ತಂಡವನ್ನು ಎರಡು ಸಲವೂ ಸಮಕ್ಕೆ ತಂದನು. ಆ ಪಂದ್ಯವನ್ನು ಅಲ್ಲಿಯ ಜನ ಇಂದಿಗೂ ಆತನ ಹೆಸರಿನಿಂದಲೇ ಕರೆಯುತ್ತಾರೆ.

ಎರಡನೆಯ ಬೇಸನ್ನು ಕಾಯುವುದರಲ್ಲಿ ಒಂದರ ಮೇಲೊಂದರಂತೆ ಒಂಬತ್ತು ವರ್ಷ ಶ್ರೇಷ್ಠತೆಯ ಬಹುಮಾನ ಆತನದಾಯಿತು. ೧೯೯೦ರಲ್ಲಿ ೪೦ ಹೋಮ್ ರನ್ ಹೊಡೆದು ತನ್ನ ಲೀಗಿಗೆ ಅಗ್ರಗಣ್ಯನಾದನು. ೧೯೯೪ರಲ್ಲಿ, ಪಡೆಯುವ ಸಂಬಳಕ್ಕೆ ತಕ್ಕಂತೆ ಆಡಲಾಗುತ್ತಿಲ್ಲವೆಂದು ತನಗೆ ತೋರಿದೊಡನೆ, ಒಪ್ಪಂದದಂತೆ ಬರಬೇಕಾಗಿದ್ದ ಒಂದೂವರೆ ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಬಿಟ್ಟು ಆಟದಿಂದ ಎದ್ದುಹೋದನು. ಅನಂತರ ಎರಡು ವರ್ಷ ಮರಳಿ ಆಡಿ, ೧೯೯೭ರಲ್ಲಿ ಪೂರ್ತಿಯಾಗಿ ನಿವೃತ್ತನಾದನು. ೨೦೦೫ರಲ್ಲಿ ಆತನ ಹೆಸರು ಕೂಪರ್ಸ್‌ಟೌನಿನ ಕೀರ್ತಿಮಂದಿರವನ್ನು ಸೇರಿತು.

ಇಷ್ಟಾದ ಮೇಲೆ ಮನುಷ್ಯನಿಗೆ ಇನ್ನೇನು ಬೇಕು? ಹಣವಿತ್ತು, ಹೆಸರಿತ್ತು. ಆದರೆ ೨೦೦೬ರ ಕೊನೆಯಲ್ಲಿ ಕಬ್ಸ್ ತಂಡದ ಮ್ಯಾನೇಜರ ಸ್ಥಾನ ತೆರವಾದಾಗ ಅದನ್ನು ಪಡೆಯುವ ಆಸೆ ಆತನಿಗೆ ಹುಟ್ಟಿತು. ತಂಡವನ್ನು ನಡೆಸಿ ಅನುಭವವಿಲ್ಲವೆಂಬ ಮಾತು ಬಂದಿತು. ಆತನ ಅಂತಸ್ತಿನ ಮತ್ತೊಬ್ಬನಾಗಿದ್ದರೆ, ‘ನನಗೆ ಅನುಭವವಿಲ್ಲವೆ?’ ಎಂದು ಮುನಿದು ಮನೆ ಸೇರುತ್ತಿದ್ದನು. ಸ್ಯಾಂಡ್‌ಬರ್ಗ್ ಹಾಗೆ ಮಾಡಲಿಲ್ಲ. ೨೦೦೭ರಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ, ಇಲಿನಾಯ್ ಸಂಸ್ಥಾನದ ಪಿಯೋರಿಯ ಎಂಬ ಊರಿಗೆ ಹೋಗಿ, ಕಬ್ಸ್‌ನವರ ಕಿರಿಯ ತಂಡಗಳಲ್ಲಿ ಕೆಳಮೆಟ್ಟಿಲಿನದಾದ ಚೀಫ್ಸ್ ತಂಡದ ಹೊಣೆಯನ್ನು ಹೊತ್ತನು. ಹೈಸ್ಕೂಲಿನ ಮುಖ್ಯೋಪಾಧ್ಯಾಯಗಿರಿಯನ್ನು ಕೇಳಿದವನಿಗೆ ‘ಮೊದಲು ಅಕ್ಷರಾಭ್ಯಾಸದ ತರಗತಿಯನ್ನು ನೋಡಿಕೊ’ ಎಂದಂತಾಯಿತು. ಆತನು ಅದಕ್ಕೆ ಒಪ್ಪಿದನು.

ಆ ಲೀಗಿನಲ್ಲಿ ಆಗ ಒಂದು ಋತುವಿಗೆ ೧೪೦ ಪಂದ್ಯಗಳು. ಊರಿನಿಂದೂರಿಗೆ ಬಸ್ಸಿನ ಪ್ರಯಾಣ. ಆತನು ಸಟರನ ಚೆಂಡನ್ನು ಹೊಡೆದಾಗ ಇನ್ನೂ ಹುಟ್ಟಿರದ ಹುಡುಗರು ಎದುರಿಗೆ. ಆಡುವ ಕಾಲದಲ್ಲಿ ಮಿತಭಾಷಿಯೆಂದು ಹೆಸರಾಗಿದ್ದ ಮನುಷ್ಯ, ಇಲ್ಲಿ ತನ್ನ ಹುಡುಗರ ಪರವಾಗಿ ಅಂಪೈರರೊಡನೆ ವಾದಕ್ಕಿಳಿದು ಒಂದಕ್ಕಿಂತ ಹೆಚ್ಚು ಸಲ ಮೈದಾನದಿಂದ ಹೊರಹಾಕಿಸಿಕೊಂಡನು. ತನಗಾಗಿ ಬಾಯಿ ತೆರೆಯದವನು ಶಿಷ್ಯರಿಗಾಗಿ ತೆರೆದನು. ಆ ಮೊದಲ ವರ್ಷವೇ ಅವನ ತಂಡ ಲೀಗಿನ ಕಡೆಯ ಸುತ್ತನ್ನು ಮುಟ್ಟಿ ಅಲ್ಲಿ ಸೋತಿತು.

೨೦೦೯ರಲ್ಲಿ ಟೆನೆಸಿಯ ತಂಡ, ೨೦೧೦ರಲ್ಲಿ ಅಯೋವದ ತಂಡ—ಹೀಗೆ ಗುರುವೂ ಶಿಷ್ಯರಂತೆಯೇ ಮೆಟ್ಟಿಲು ಹತ್ತಿದನು. ಅಯೋವದಲ್ಲಿ ಆ ಲೀಗಿನ ಉತ್ತಮ ಮ್ಯಾನೇಜರೆಂಬ ಗೌರವವೂ ದೊರೆಯಿತು. ಅದೇ ವರ್ಷ ಕಬ್ಸ್ ತಂಡದ ಸ್ಥಾನ ಮತ್ತೆ ತೆರವಾಯಿತು. ಹೇಳಿದ ಪಾಠವನ್ನೆಲ್ಲ ಒಪ್ಪಿಸಿದ್ದ ಸ್ಯಾಂಡ್‌ಬರ್ಗನಿಗೇ ಅದು ಸಲ್ಲುವುದೆಂದು ಶಿಕಾಗೋ ನಗರದ ಅನೇಕರು ನಂಬಿದ್ದರು. ಅದು ಬೇರೊಬ್ಬನಿಗೆ ಸಂದಿತು.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಾಲ್ಕು ವರ್ಷದ ತಪಸ್ಸಿಗೆ ವರ ದೊರೆಯಲಿಲ್ಲ. ಹಾಗಾದರೆ ಆ ನಾಲ್ಕು ವರ್ಷ ವ್ಯರ್ಥವೆ? ಪದವಿಗಾಗಿ ಮಾತ್ರ ಆ ಕೆಲಸವನ್ನು ಮಾಡಿದ್ದರೆ ವ್ಯರ್ಥವೇ ಸರಿ. ಆದರೆ ಆತನು ಕೈಕೊಡವಿ ಏಳಲಿಲ್ಲ. ತನ್ನನ್ನು ಮೊದಲು ಆರಿಸಿ ಬಿಟ್ಟುಕೊಟ್ಟಿದ್ದ ಫಿಲೀಸ್‌ನವರ ಬಳಿಗೆ ಹೋಗಿ, ಪೆನ್ಸಿಲ್ವೇನಿಯದ ಆಲೆನ್‌ಟೌನಿನಲ್ಲಿ ಲೀಹೈ ವ್ಯಾಲಿ ಎಂಬ ಕಿರಿಯ ತಂಡವನ್ನೇ ಮತ್ತೆ ವಹಿಸಿಕೊಂಡನು. ಅಲ್ಲಿಯವರೆಗೆ ಒಮ್ಮೆಯೂ ಋತುವಿನ ಕಡೆಯ ಸುತ್ತುಗಳಿಗೆ ಅರ್ಹತೆ ಪಡೆಯದಿದ್ದ ಆ ತಂಡವು ೨೦೧೧ರಲ್ಲಿ ೮೦ ಪಂದ್ಯಗಳನ್ನು ಗೆದ್ದು ಅದನ್ನು ಪಡೆಯಿತು.

ಕೊನೆಗೆ ೨೦೧೩ರ ಆಗಸ್ಟಿನಲ್ಲಿ ಫಿಲೀಸ್ ಎಂಬ ಹಿರಿಯ ತಂಡವೇ ಆತನ ಕೈಗೆ ಬಂದಿತು. ಕಥೆಗಾರರು ಇಲ್ಲಿ ಮಂಗಳ ಹಾಡುತ್ತಿದ್ದರು. ಲೋಕವು ಹಾಗೆ ಹಾಡಲಿಲ್ಲ. ಮುಪ್ಪಾಗುತ್ತಿದ್ದ ಆ ತಂಡ ಸೋಲುತ್ತಲೇ ಹೋಯಿತು. ೨೦೧೫ರ ಜೂನ್ ೨೬ರಂದು, ಆ ವರ್ಷದ ೨೬ ಗೆಲುವು, ೪೮ ಸೋಲುಗಳ ಲೆಕ್ಕವನ್ನು ಮುಂದಿಟ್ಟುಕೊಂಡು ಆತನು ರಾಜೀನಾಮೆಯಿತ್ತನು. ಇಪ್ಪತ್ತೊಂದು ವರ್ಷಗಳ ಹಿಂದೆ ಆಟವನ್ನು ಬಿಟ್ಟಂತೆಯೇ, ಯಾರೂ ನೂಕುವ ಮೊದಲೇ ಎದ್ದನು.

ಹಾಗಾದರೆ ಆಡುವುದರಲ್ಲಿ ಗೆದ್ದವನು ಆಡಿಸುವುದರಲ್ಲಿ ಸೋತನೆಂದು ತೀರ್ಪು ಕೊಡೋಣವೆ? ಕೊಡುವ ಮುನ್ನ ಕಾಳಿದಾಸನ ಸಭೆಯಲ್ಲಿ ನಡೆದಂತೆ ಶಿಷ್ಯರನ್ನು ರಂಗಕ್ಕೆ ಕರೆಯಿಸಿ ನೋಡಬೇಕು. ಡಾರ್ವಿನ್ ಬಾರ್ನಿ ಎಂಬ ಹುಡುಗನು ಪಿಯೋರಿಯದಲ್ಲಿಯೂ ಅಯೋವದಲ್ಲಿಯೂ ಸ್ಯಾಂಡ್‌ಬರ್ಗನ ಕೈಕೆಳಗೆ ಆಡಿದವನು. ಆತನು ಮುಂದೆ ಕಬ್ಸ್ ತಂಡವನ್ನು ಸೇರಿ, ಗುರುವು ಒಂದು ಕಾಲಕ್ಕೆ ಕಾಯುತ್ತಿದ್ದ ಎರಡನೆಯ ಬೇಸನ್ನೇ ಕಾಯತೊಡಗಿದನು. ಒಂದೂ ತಪ್ಪು ಮಾಡದೆ ಆ ಸ್ಥಾನವನ್ನು ಕಾಯ್ದುದರಲ್ಲಿ ಸ್ಯಾಂಡ್‌ಬರ್ಗನ ಹೆಸರಿನಲ್ಲಿ ಕಬ್ಸ್ ತಂಡದ ದಾಖಲೆಯೊಂದಿತ್ತು: ಸತತವಾಗಿ ೧೨೩ ಪಂದ್ಯ. ೨೦೧೨ರಲ್ಲಿ ಬಾರ್ನಿ ೧೪೧ ಪಂದ್ಯಗಳನ್ನು ಹಾಗೆ ಆಡಿ ಅದನ್ನು ಮುರಿದನು. ಬಾರ್ನಿಗೆ ಬಂದ ವಿದ್ಯೆಯೆಲ್ಲ ಒಬ್ಬನಿಂದಲೇ ಬಂದಿತೆಂದು ನಾವು ಹೇಳುವುದಿಲ್ಲ. ಎಲ್ಲರನ್ನೂ ಗೆಲ್ಲಬಯಸುವವನು ಶಿಷ್ಯನಿಂದ ಮಾತ್ರ ಸೋಲನ್ನು ಬಯಸಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಂತಹ ಸೋಲು ಎಷ್ಟು ಜನ ಗುರುಗಳಿಗೆ ದೊರಕೀತು?

ಇದರ ಮತ್ತೊಂದು ಮಗ್ಗುಲನ್ನೂ ಹೇಳದಿದ್ದರೆ ನ್ಯಾಯವಾಗದು. ೧೦೮ ವರ್ಷಗಳ ತರುವಾಯ, ೨೦೧೬ರಲ್ಲಿ, ಕಬ್ಸ್ ತಂಡಕ್ಕೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ ಮ್ಯಾನೇಜರು ಜೋ ಮ್ಯಾಡನ್. ಆತನು ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿದವನಲ್ಲ. ಮೈನರ್ ಲೀಗಿನ ಕೆಳಮೆಟ್ಟಿಲುಗಳಲ್ಲಿಯೇ ಆಟ ಮುಗಿಸಿ, ಅನೇಕ ವರ್ಷ ಕಿರಿಯರನ್ನು ತಿದ್ದಿ ಮೇಲೆ ಬಂದವನು. ಒಬ್ಬನು ಶಿಖರದಿಂದ ಇಳಿದು ಬಂದನು, ಇನ್ನೊಬ್ಬನು ಬುಡದಿಂದ ಹತ್ತಿ ಹೋದನು. ಇಬ್ಬರೂ ಗುರುತನವನ್ನು ಕಲಿತ ಪಾಠಶಾಲೆ ಮಾತ್ರ ಒಂದೇ—ಸಣ್ಣ ಊರು, ಬಸ್ಸು, ತಪ್ಪು ಮಾಡುವ ಹುಡುಗರು.

ನಮ್ಮ ಮನೆಗಳಲ್ಲಿ ವಯಸ್ಸಾದವರು, ಕೆಲಸದಿಂದ ನಿವೃತ್ತರಾದವರು ಅನೇಕರಿದ್ದಾರೆ. ಲೆಕ್ಕಪತ್ರದಲ್ಲಿ ಪಳಗಿದವರು, ಹೊಲಿಗೆಯಲ್ಲಿ ಕೈತಿರುಗಿದವರು, ಹಾಡು ಬಲ್ಲವರು. ಇವರ ವಿದ್ಯೆ ಇವರೊಡನೆಯೇ ಹೋಗಬಾರದೆಂದಿದ್ದರೆ ಸ್ಯಾಂಡ್‌ಬರ್ಗ್ ಮಾಡಿದುದನ್ನೇ ಮಾಡಬೇಕು. ‘ನಮ್ಮ ಕಾಲದಲ್ಲಿ’ ಎಂದು ಆರಂಭಿಸುವುದನ್ನು ಬಿಟ್ಟು, ಮಗುವು ಎಲ್ಲಿ ಎಡವುತ್ತಿದೆಯೋ ಆ ಮೆಟ್ಟಿಲಿಗೆ ತಾವೇ ಇಳಿಯಬೇಕು. ಅಜ್ಜಿಯು ಒಂದು ದಿನ ಉಪ್ಪನ್ನು ಚಮಚದಲ್ಲಿ ಅಳೆದು ನೋಡಿ, ‘ಇಷ್ಟು’ ಎಂದು ಹೇಳಬೇಕು. ಅದರಿಂದ ಅಜ್ಜಿಯ ಹಿರಿಮೆಗೆ ಕುಂದಿಲ್ಲ.

ಸ್ಯಾಂಡ್‌ಬರ್ಗ್ ೨೦೨೫ರ ಜುಲೈ ೨೮ರಂದು, ಅರವತ್ತೈದನೆಯ ವಯಸ್ಸಿನಲ್ಲಿ, ಅರ್ಬುದರೋಗದಿಂದ ತೀರಿಕೊಂಡನು. ಅದಕ್ಕೆ ಒಂದು ವರ್ಷದ ಹಿಂದೆ, ಆ ಪ್ರಸಿದ್ಧ ಪಂದ್ಯದ ನಲವತ್ತನೆಯ ವಾರ್ಷಿಕ ದಿನದಂದು, ಶಿಕಾಗೋ ನಗರದ ರಿಗ್ಲಿ ಫೀಲ್ಡ್ ಮೈದಾನದ ಹೊರಗೆ ಆತನ ಪ್ರತಿಮೆಯನ್ನು ನಿಲ್ಲಿಸಿದ್ದರು. ಪ್ರತಿಮೆ ಆಟಗಾರನದು. ಪಿಯೋರಿಯದ ಬಸ್ಸಿನಲ್ಲಿ ಹುಡುಗರೊಡನೆ ಕುಳಿತಿದ್ದ ಮೇಷ್ಟರಿಗೆ ಯಾರೂ ಪ್ರತಿಮೆ ಮಾಡಿಸಿಲ್ಲ. ಆ ಹುಡುಗರಲ್ಲಿ ಯಾರಾದರೊಬ್ಬನು ಇಂದು ತನ್ನ ಊರಿನಲ್ಲಿ ಮಕ್ಕಳಿಗೆ ಚೆಂಡು ಹಿಡಿಯುವುದನ್ನು ಕಲಿಸುತ್ತಿದ್ದರೆ, ಆ ಮೇಷ್ಟರಿಗೆ ಅಷ್ಟೇ ಸಾಕು.