ಮೇಜಿನ ಮೇಲೆ ಸಮುದ್ರ ಇಡ್ತೀರಾ?

ನಮ್ಮ ಐಟಿ ಮಂದಿಯಲ್ಲಿ ಈಗೊಂದು ಹೊಸ ಹುಚ್ಚು. ವರ್ಕ್ ಫ್ರಮ್ ಹೋಮ್ ಮೇಜಿನ ಮೇಲೆ ಮಾನಿಟರ್, ಅದರ ಪಕ್ಕ 20 ಲೀಟರಿನ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ನೀಲಿ ಎಲ್‌ಇಡಿ, ಎರಡು ಕ್ಲೌನ್ ಮೀನು, ನಾಲ್ಕು ಹವಳದ ತುಂಡು. ನ್ಯಾನೋ ರೀಫ್ ಅಂತ ಹೆಸರು. ಅಂಗಡಿಯಲ್ಲಿ "ಫಸ್ಟ್ ಟೈಮ್" ಅಂದ್ರೆ ಸಾಕು, "ಚಿಕ್ಕದ್ರಿಂದ ಶುರು ಮಾಡಿ ಸಾರ್, ಕಲಿತ ಮೇಲೆ ದೊಡ್ಡದು ತಗೊಳ್ಳಿ" ಅಂತಾರೆ. ಅಡುಗೆ ಕಲಿಯೋಕೆ, ಬೈಕ್ ಕಲಿಯೋಕೆ ಈ ಮಾತು ಸರಿ. ಸಮುದ್ರದ ತೊಟ್ಟಿಗೆ ಇದು ಪೂರ್ತಿ ಉಲ್ಟಾ.

ಲೆಕ್ಕ ನೋಡಿ. ಸಮುದ್ರದಲ್ಲಿ ಒಂದು ಲೀಟರ್ ನೀರಿಗೆ ಹತ್ತಿರ ಹತ್ತಿರ 35 ಗ್ರಾಂ ಉಪ್ಪು. ನೀರು ಆವಿಯಾಗುತ್ತೆ, ಉಪ್ಪು ಆಗಲ್ಲ. 20 ಲೀಟರಿನ ತೊಟ್ಟಿಯಿಂದ ದಿನಕ್ಕೆ ಅರ್ಧ ಲೀಟರ್ ಹೋಯ್ತು ಅಂದುಕೊಳ್ಳಿ. ನೀವು ಲಾಂಗ್ ವೀಕೆಂಡ್ ಅಂತ ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಎರಡು ಲೀಟರ್ ಮಾಯ, 35 ಇದ್ದ ಉಪ್ಪು 39ರ ಹತ್ತಿರ. 200 ಲೀಟರಿನ ತೊಟ್ಟಿಯ ಬಾಯಿ ಅಗಲ, ಅಲ್ಲಿ ದಿನಕ್ಕೆ ಒಂದೂವರೆ ಲೀಟರೇ ಹೋಗಲಿ. ನಾಲ್ಕು ದಿನಕ್ಕೆ ಆರು ಲೀಟರ್ ಹೋದರೂ ಉಪ್ಪು 36 ದಾಟುವುದು ಕಷ್ಟಪಟ್ಟು. ಒಂದು ಮೀನು ಕಲ್ಲಿನ ಹಿಂದೆ ಸತ್ತು ಕೊಳೆತರೂ ಅಷ್ಟೇ. ದೊಡ್ಡ ತೊಟ್ಟಿ ಆ ಅಮೋನಿಯಾವನ್ನು ಹೇಗೋ ನುಂಗಿಕೊಳ್ಳಬಹುದು, ಚಿಕ್ಕದರಲ್ಲಿ ಉಳಿದ ಮೀನೂ ಹೋಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ನೀರೇ ಬಫರ್. ಹೊಸಬನಿಗೆ ಬಫರ್ ಜಾಸ್ತಿ ಬೇಕೋ ಕಮ್ಮಿ ಬೇಕೋ? ನ್ಯಾನೋ ತೊಟ್ಟಿಯನ್ನು ಚೆನ್ನಾಗಿ ಸಾಕುವವರಿದ್ದಾರೆ, ಇಲ್ಲ ಅನ್ನಲ್ಲ. ಅವರು ಹತ್ತು ವರ್ಷ ಪಳಗಿದವರು.

ಬಿಸಿಲಿನ ವಿಷಯ ಇನ್ನೂ ಮಜಾ. ರೀಫ್ ತೊಟ್ಟಿಯ ನೀರು 25-26 ಡಿಗ್ರಿ ಆಸುಪಾಸು ಇರಬೇಕು. ಏಪ್ರಿಲ್‌ನ ಬೆಂಗಳೂರು ಗೊತ್ತಲ್ಲ. ಮೇಲೆ ಪಂಪು, ಲೈಟು ತಮ್ಮ ಶಾಖ ಸೇರಿಸುತ್ತವೆ. ಫ್ಯಾನ್ ಹಾಕಿದ್ರೆ ನೀರು ತಣ್ಣಗಾಗುತ್ತೆ ನಿಜ, ಆದ್ರೆ ಆವಿಯಾಗಿಯೇ ತಣ್ಣಗಾಗೋದು. ಮತ್ತೆ ಉಪ್ಪಿನ ಕಥೆಗೇ ಬಂದ್ವಿ. ಸಮುದ್ರದಲ್ಲೇ ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತೆ. 2024ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಅದೇ.

ಹಾಗಾದ್ರೆ ಎಷ್ಟು ದೊಡ್ಡದು? ನನ್ನ ಪ್ರಕಾರ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 190 ಲೀಟರ್. ಇದಕ್ಕಿಂತ ಕಮ್ಮಿಯಲ್ಲಿ ಹೊಸಬರು ಕೈ ಹಾಕಬಾರದು. ಎತ್ತರದ ಕಂಬದಂಥ ತೊಟ್ಟಿ ಚಂದ ಕಾಣುತ್ತೆ, ಮೀನಿಗೆ ಬೇಕಿರೋದು ಮಾತ್ರ ಉದ್ದ. ಕೆಳಗೆ ಸಂಪ್ ಇರಲಿ. ಮನೆ ಮುಂದಿನ ಕಾವೇರಿ ನೀರಿನ ಸಂಪ್ ಅಲ್ಲ, ಫಿಲ್ಟರ್ ಎಲ್ಲ ಕೂರಿಸೋ ಎರಡನೇ ತೊಟ್ಟಿ. ಕರೆಂಟ್ ಹೋದಾಗ ಮೇಲಿನ ತೊಟ್ಟಿಯ ಒಂದಿಷ್ಟು ನೀರು ಇಳಿದು ಬರುತ್ತೆ, ಅದಕ್ಕೆ ಸಂಪ್‌ನಲ್ಲಿ ಖಾಲಿ ಜಾಗ ಬಿಟ್ಟಿರಬೇಕು. ಬಿಡದಿದ್ರೆ ಕೆಳಗಿನ ಮನೆಯ ಆಂಟಿ ಮೇಲೆ ಬಂದು ಮಾತಾಡಿಸ್ತಾರೆ. ಪಂಪಿಗೆ ಯುಪಿಎಸ್ ಕನೆಕ್ಷನ್ ಕೊಡಿ, ವೈಫೈಗೆ ಕೊಟ್ಟಿದ್ದೀರಲ್ಲ.

ಭಾರ ಮರೀಬೇಡಿ. ನೀರೇ 190 ಕೆಜಿ ಮೀರುತ್ತೆ. ಗಾಜು, ಕಲ್ಲು, ಸ್ಟ್ಯಾಂಡ್, ಸಂಪ್ ಸೇರಿ 300 ದಾಟುತ್ತೆ, ಅದೂ ನಾಲ್ಕೂವರೆ ಚದರ ಅಡಿ ಜಾಗದ ಮೇಲೆ. ವಾಸದ ಮನೆಯ ನೆಲಕ್ಕೆ ಸಾಮಾನ್ಯವಾಗಿ ಲೆಕ್ಕ ಹಿಡಿಯೋದು ಚದರ ಮೀಟರಿಗೆ ಸುಮಾರು 200 ಕೆಜಿ. ಬೀಮ್ ಇರೋ ಗೋಡೆಗೆ ಒತ್ತಿ ಇಟ್ಟರೆ ಸರಿ, ಅದನ್ನೂ ಸಿವಿಲ್ ಓದಿದ ಫ್ರೆಂಡನ್ನ ಒಂದು ಮಾತು ಕೇಳಿಯೇ ಇಡಿ. ಹೊರಚಾಚಿದ ಬಾಲ್ಕನಿಯಲ್ಲಿ ಅಂತೂ ಇಡಲೇಬೇಡಿ.

ಇನ್ನು ನೀರು. ಬೋರ್‌ವೆಲ್ ನೀರು ಆಗಲ್ಲ, ಆರ್‌ಒ ಬೇಕು. ಮನೆಯ ಆರ್‌ಒ ಒಂದು ಲೀಟರ್ ಕೊಡೋಕೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತೆ. ವಾರಕ್ಕೆ ಶೇ. 10 ನೀರು ಬದಲಾಯಿಸಬೇಕು, ಅಂದ್ರೆ 19 ಲೀಟರ್, ಮೇಲಿಂದ ದಿನಾ ಆವಿಯಾದದ್ದನ್ನು ತುಂಬಬೇಕು. 2024ರ ಮಾರ್ಚ್‌ನಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಚೆಲ್ಲುವ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸೋ ವ್ಯವಸ್ಥೆ ಮೊದಲು ಮಾಡಿ, ಆಮೇಲೆ ಮೀನು.

ಅಂಗಡಿಯಲ್ಲಿ ಯಾರೂ ಬಾಯಿ ಬಿಡದ ಮಾತು ಇನ್ನೊಂದಿದೆ. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಿನಲ್ಲಿವೆ. ಹುಲಿ ಇರೋ ಶೆಡ್ಯೂಲ್ ಅದು. ನಮ್ಮ ಸಮುದ್ರದಿಂದ ಒಡೆದು ತಂದ ಹವಳ, ಸತ್ತ ಹವಳದ "ಲೈವ್ ರಾಕ್", ಎರಡೂ ಅಪರಾಧವೇ. "ಇಂಪೋರ್ಟೆಡ್ ಸಾರ್" ಅಂದ್ರೆ ಪೇಪರ್ ತೋರಿಸಿ ಅನ್ನಿ. ಎರಡು ಸಾವಿರದ ಫೋನ್ ಕವರ್‌ಗೆ ಬಿಲ್ ಕೇಳ್ತೀವಿ, ಜೀವಕ್ಕೆ ಕೇಳಲ್ಲ!

ನಾನು ಹೇಳೋ ಸೆಟಪ್ ಇಷ್ಟು: ಆ ಮೂರಡಿ ತೊಟ್ಟಿ, ಕೃತಕ ಕಲ್ಲು, ಹವಳ ಇಲ್ಲ. ಮೊದಲ ನಾಲ್ಕರಿಂದ ಆರು ವಾರ ಮೀನೂ ಇಲ್ಲ, ಬರೀ ಬ್ಯಾಕ್ಟೀರಿಯಾ ಬೆಳೆಯಲಿ. (ಎರಡು ವಾರದ ಸ್ಪ್ರಿಂಟ್‌ನಲ್ಲಿ ಮುಗಿಯೋ ಕೆಲಸ ಅಲ್ಲ ಇದು.) ಆಮೇಲೆ ತೊಟ್ಟಿಯಲ್ಲೇ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು. ಇವನ್ನು ಮರಿ ಮಾಡಿಸೋ ವಿಧಾನ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಡಪಂ ಕೇಂದ್ರದಲ್ಲೇ ಇದೆ. ಮಗು ಡೋರಿ ಬೇಕು ಅಂದ್ರೆ ಸಿನಿಮಾ ಹಾಕಿ ತೋರಿಸಿ. ಆ ನೀಲಿ ಟ್ಯಾಂಗ್ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತೆ, ಮೂರಡಿ ಅದಕ್ಕೆ ಜೈಲು.

"ನನ್ನ ದುಡ್ಡು, ನನ್ನ ಹವ್ಯಾಸ, ನಿಂಗೇನು?" ಅನ್ನೋರು ಇದ್ದಾರೆ. ನಮ್ಮೂರಲ್ಲಿ ಒಂದು ಹಸು ಕಟ್ಟಬೇಕು ಅಂದ್ರೆ ಮೊದಲು ಹುಲ್ಲಿನ ಮೆದೆ ನೋಡ್ತಾರೆ, ಮನೆಯಲ್ಲಿ ಯಾರು ಇರ್ತಾರೆ ಅಂತ ನೋಡ್ತಾರೆ, ಸಂತೆಗೆ ಆಮೇಲೆ ಹೋಗೋದು. ನಾವು ಓದಿದವರು ಡಬ್ಬ ಮೊದಲು ಆರ್ಡರ್ ಮಾಡಿ, ಅದಕ್ಕೆ ಹೊಂದೋ ಜೀವ ಆಮೇಲೆ ಹುಡುಕ್ತೀವಿ. 11 ತಿಂಗಳ ಅಗ್ರಿಮೆಂಟಿನ ಬಾಡಿಗೆ ಮನೆ, ತಿಂಗಳಿಗೊಂದು ಟ್ರಾವೆಲ್, ಮೂರನೇ ಫ್ಲೋರು, ಟ್ಯಾಂಕರ್ ನೀರು. ಇದು ನಿಮ್ಮ ಪರಿಸ್ಥಿತಿ ಆಗಿದ್ರೆ ನಿಮಗೆ ಸರಿಯಾದ ಅಳತೆ ಸೊನ್ನೆ ಲೀಟರ್.

ಹವಳ ನೋಡಲೇಬೇಕಾ? ಮುರ್ಡೇಶ್ವರದಿಂದ ಸುಮಾರು 20 ಕಿ.ಮೀ. ದೋಣಿಯಲ್ಲಿ ಹೋದ್ರೆ ನೇತ್ರಾಣಿ. ಒಂದು ಚಿಲ್ಲರ್ ಕೊಳ್ಳೋ ದುಡ್ಡಲ್ಲಿ ಗಂಡ ಹೆಂಡತಿ ಇಬ್ಬರೂ ನೀರಿಗಿಳಿದು ಬರಬಹುದು. ಮಳೆಗಾಲದಲ್ಲಿ ಮಾತ್ರ ಡೈವಿಂಗ್ ಇರಲ್ಲ, ನೋಡ್ಕೊಂಡು ರಜೆ ಹಾಕಿ.